ಟರ್ಕಿ ಕೋಳಿಯ ವೇಷ ಯಾರಿಗೆ?

ಹಬ್ಬದ ಬೆಳಗ್ಗೆ ಬೇಕರಿಯ ಸಾಲಿನಲ್ಲಿ ನಿಂತಿದ್ದಾಗ ಓರಿನ್ ಟಿಡ್‌ವೆಲ್‌ನ ಬಾಯಿ ಅವನ ಅಪ್ಪಣೆ ಕೇಳದೆ ತೆರೆದುಕೊಂಡಿತು. ಮುಂದೆ ನಿಂತಿದ್ದ ಇಮೊಜೀನ್ ಎಂಬ ವಿಧವೆಯನ್ನು ಅದು, "ಇವತ್ತು ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ನಮ್ಮ ಟ್ರೇಲರ್ ಪಾರ್ಕಿಗೆ ಬನ್ನಿ" ಎಂದು ಕರೆದೇಬಿಟ್ಟಿತು.

"ಓಹೋ, ಬರ್ತೀನಿ" ಎಂದಳು ಆಕೆ.

ಆಕೆ ಕೊಳ್ಳುವ ಗಟ್ಟಿ ಬ್ರೆಡ್ಡನ್ನೇ ತಾನೂ ಕೊಂಡು, ಕಟ್ಟಿಸಿದ ಹಲ್ಲಿನಲ್ಲಿ ತಿಂಗಳುಗಟ್ಟಲೆ ಅಗಿದಿದ್ದ ಓರಿನ್ ತೇಲುತ್ತಲೇ ಗಾರ್ಡೀನಾ ಊರಿನ ಬೀದಿಗಳನ್ನು ದಾಟಿದ. ಮನೆಯ ಮೆಟ್ಟಿಲು ಹತ್ತುವಾಗ ಟರ್ಕಿ ಕೋಳಿಯ ನೆನಪಾಯಿತು. ಅಲ್ಲೇ ಕುಸಿದು ಕುಳಿತ.

ಗಾಲಿಮನೆಗಳ ಆ ಪಾರ್ಕಿನ ಪದ್ಧತಿ ಅದು. ಹಬ್ಬದ ದಿನ ಊಟಕ್ಕೆ ಮೊದಲು ಓರಿನ್ ಸೇರಿ ಮೂವರು ಪೋಕರ್ ಎಂಬ ಇಸ್ಪೀಟಾಟ ಆಡುತ್ತಿದ್ದರು. ಪಣಕ್ಕೆ ಒಣಗಿದ ಹುರುಳಿಕಾಯಿ ಬೀಜ. ಯಾರ ಬೀಜ ಮೊದಲು ಖಾಲಿಯಾಗುತ್ತದೋ ಅವರು ಟರ್ಕಿ ವೇಷ ಹಾಕಿ, ಹಳದಿ ಕಾಲುಚೀಲ ಏರಿಸಿ, ಸಂಜೆಯವರೆಗೆ ಊಟ ಬಡಿಸಬೇಕು. ಪ್ರತಿ ವರ್ಷವೂ ಸೋಲುತ್ತಿದ್ದವನು ಓರಿನ್ನೇ. ಆ ವೇಷದ ಮೊಣಕಾಲುಗಳು ಅವನ ಮೊಣಕಾಲಿನ ಆಕಾರಕ್ಕೇ ಬಾಗಿಹೋಗಿದ್ದವು. ಅವನ ಕೈಗೆ ಗೆಲ್ಲಿಸುವಂಥ ಒಂದು ಜೋಡಿ ಎಲೆ ಬರುವುದೆಂದರೆ ಬೋಳುತಲೆಯವನಿಗೆ ಬಾಚಣಿಗೆ ಬಹುಮಾನ ಬಂದಷ್ಟೇ ಅಪರೂಪ.

ಅವನು ಪಾರ್ಕಿನ ಅಡಿಗೆಮನೆಗೆ ಓಡಿದ. ಅಲ್ಲಿ ವೆಲ್ಮಾ ಸ್ಟಬ್ಸ್ ಗೆಣಸು ಕಿವುಚುತ್ತಿದ್ದಳು. ಪಾರ್ಕಿನಲ್ಲಿ ಅವಳ ಮಾತಿಗೆ ಎದುರಾಡುವವರಿರಲಿಲ್ಲ.

"ವೆಲ್ಮಾ, ನನ್ನ ಮಾನ ಕಾಪಾಡು. ಇವತ್ತು ಆ ಹೆಂಗಸಿನ ಮುಂದೆ ನಾನು ಕೋಳಿ ಆಗೋ ಹಾಗಿಲ್ಲ!"

ವೆಲ್ಮಾ ಸೌಟು ನೆಕ್ಕಿ ಯೋಚಿಸಿದಳು. "ಹಂಗಾದ್ರೆ ಲೋಬಾಲ್ ಆಡೋಣ. ಅದ್ರಲ್ಲಿ ಎಲ್ಲರಿಗಿಂತ ಸಣ್ಣ ಕೈ ಇದ್ದೋನೇ ಗೆಲ್ಲೋದು. ಜೋಡಿ ಬಂದ್ರೆ ದರಿದ್ರ, ರಾಜ ಬಂದ್ರೆ ಶನಿ. ನಿನ್ನಂಥ ನತದೃಷ್ಟನಿಗೆ ಅಂತಾನೇ ಹುಟ್ಟಿರೋ ಆಟ ಕಣೋ."

ಆಟಕ್ಕೆ ಮೂರನೆಯವನು ಅಲ್ಲೇ ಕುಳಿತಿದ್ದ ಡ್ಯೂಯಿ, ನಿವೃತ್ತ ಕೊಳಾಯಿ ರಿಪೇರಿಯವನು. ಅವನು ಹೊಟ್ಟೆ ಕುಣಿಸಿ ನಕ್ಕ. "ಯಾವ ಆಟ ಆದ್ರೇನಯ್ಯಾ? ಕಾಲುಚೀಲ ಒಗ್ದಿದ್ದಾರಾ ನೋಡ್ಕೋ ಹೋಗು."

ತಲಾ ಐದು ಎಲೆ ಹಂಚಿದರು; ಬೇಡದವನ್ನು ಒಮ್ಮೆ ಎಸೆದು ಬೇರೆ ಪಡೆಯಬಹುದಿತ್ತು. ಓರಿನ್ ಮೆಲ್ಲಗೆ ಎತ್ತಿ ನೋಡಿದ. ಮೂರು ರಾಜರು!

ಜೀವಮಾನವಿಡೀ ಕಾದ ಕೈ ಅದು. "ಬಂದ್ರು! ಬಂದ್ರು!" ಎಂದು ಕುರ್ಚಿಯಿಂದ ಹಾರಿ, ಇದ್ದ ಬೀಜಗಳಲ್ಲಿ ಅರ್ಧವನ್ನು ಮುಂದೆ ತಳ್ಳಿದ.

"ಬಂದೋರ್ನ ಮನೆಗೆ ಕಳಿಸು, ಪೆದ್ದ. ಸಣ್ಣದು ಗೆಲ್ಲುತ್ತೆ ಅಂದೆನಲ್ಲ" ಎಂದಳು ವೆಲ್ಮಾ.

ಆಮೇಲೆ ಬರಬಾರದ ಒಳ್ಳೆಯದೆಲ್ಲ ಬಂತು. ರಾಣಿಯರು ಜೋಡಿಜೋಡಿಯಾಗಿ ಮದುವೆ ಮನೆಗೆ ಬಂದಂತೆ ಬಂದರು. ಗುಲಾಮರು ನಾಲ್ವರೂ ಒಟ್ಟಿಗೆ ಇಳಿದರು. "ಏನಯ್ಯಾ, ಇಷ್ಟು ವರ್ಷ ಇವ್ರನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ದೆ?" ಎಂದು ಡ್ಯೂಯಿ ಕಣ್ಣೊರೆಸಿಕೊಂಡ. ಓರಿನ್ನನ ಬೀಜಗಳು ಇಲಿ ಹೊಕ್ಕ ಕಣಜದಂತೆ ಕರಗಿದವು.

ಅಷ್ಟರಲ್ಲಿ ಅವನಿಗೊಂದು ಕೈ ಬಂತು: ಎಕ್ಕ, ಎರಡು, ಮೂರು, ನಾಲ್ಕು, ಐದು. ಓರಿನ್ ಬೆವರಿದ. ಒಂದರ ಹಿಂದೊಂದು ಸಾಲು! ಪೋಕರ್‌ನಲ್ಲಿ ಸಾಲು ಎಂದರೆ ದೊಡ್ಡ ಕೈ, ಇಲ್ಲಿ ದೊಡ್ಡದೆಂದರೆ ಸೋಲು. ಈ ಸಲ ಮೋಸಹೋಗಲಾರೆ ಎಂದುಕೊಂಡು ನಾಲ್ಕನ್ನೂ ಐದನ್ನೂ ಎಸೆದು ಬೇರೆ ಎರಡು ಎಲೆ ಬೇಡಿದ. ಬಂದವರು ಇಬ್ಬರು ರಾಜರು.

ಆ ಸುತ್ತು ಮುಗಿದ ಮೇಲೆ ಅವನು ಕೆಳಗಿಟ್ಟ ಎಲೆಗಳನ್ನೂ ಎಸೆದ ಎಲೆಗಳನ್ನೂ ನೋಡಿ ವೆಲ್ಮಾ ಎದೆ ಹಿಡಿದುಕೊಂಡಳು. "ಅಯ್ಯೋ ಮಂಕೇ! ನಮ್ಮ ಕಡೆ ಲೋಬಾಲ್‌ನಲ್ಲಿ ಸಾಲು ಲೆಕ್ಕಕ್ಕೇ ಇಲ್ಲ. ಎಕ್ಕದಿಂದ ಐದು ಅಂದ್ರೆ ಇದಕ್ಕಿಂತ ಒಳ್ಳೆ ಕೈ ಇಲ್ಲವೇ ಇಲ್ಲ!"

"ಮೊದ್ಲೇ ಹೇಳ್ಬಾರ್ದಾಗಿತ್ತಾ?"

"ಚಿನ್ನ ಕಸಕ್ಕೆ ಹಾಕ್ಬೇಡ ಅಂತಾನೂ ಹೇಳ್ಬೇಕೇನೋ?"

ನಡುವೆ ಡ್ಯೂಯಿಗೆ ಸೊಕ್ಕೇರಿತು. ಯೋಚಿಸದೆ ಪಣ ಒಡ್ಡಿ ಅವನೂ ಕಳೆದುಕೊಂಡ. ಕೊನೆಗೆ ಬೀಜದ ರಾಶಿಯೆಲ್ಲ ವೆಲ್ಮಾಳ ಮುಂದಿತ್ತು. ಗಂಡಸರಿಬ್ಬರ ಮುಂದೆ ಒಂದೊಂದು ಚಿಟಿಕೆ, ಸಮಸಮ. ಇಬ್ಬರೂ ಎಲ್ಲವನ್ನೂ ಪಣಕ್ಕಿಟ್ಟರು. ವೆಲ್ಮಾ ಈ ಕೈಯಿಂದ ಹೊರಗುಳಿದಳು.

ಓರಿನ್ ಬಳಿ ಎಕ್ಕ, ಎರಡು, ನಾಲ್ಕು, ಏಳು ಮತ್ತು ಒಬ್ಬ ಹಟಮಾರಿ ರಾಜ. ರಾಜನನ್ನು ಎಸೆದ. ಹೊಸ ಎಲೆಯನ್ನು ಒಂದು ಕಣ್ಣು ಮುಚ್ಚಿ ನೋಡಿದ. ಎಂಟು!

ಡ್ಯೂಯಿ ಎಲೆ ಬಿಚ್ಚಿದ. "ನನ್ನದ್ರಲ್ಲಿ ದೊಡ್ಡದು ಅಂದ್ರೆ ಒಂಬತ್ತು. ಹೋಗು, ರೆಕ್ಕೆ ಕಟ್ಕೋ."

"ನಂದು ಎಂಟು!" ಎಂದು ಓರಿನ್ ಮೇಜಿನ ಮೇಲೆ ಹತ್ತಿ ಕೂಗಿದ. ಅವನ ದನಿಗೆ ಪಕ್ಕದ ಟ್ರೇಲರಿನ ನಾಯಿ ಊಳಿಟ್ಟಿತು. ಡ್ಯೂಯಿ ಗೊಣಗುತ್ತಾ, ಬೈಯುತ್ತಾ, ಹಳದಿ ಕಾಲುಚೀಲ ಎಳೆದುಕೊಂಡ.

ಇಮೊಜೀನ್ ನೀಲಿ ಟೋಪಿ ಹಾಕಿಕೊಂಡು ಬಂದಳು. ಓರಿನ್ ಇಸ್ತ್ರಿ ಮಾಡಿದ ಸೂಟು, ಟೈನಲ್ಲಿ ಕುರ್ಚಿ ಎಳೆದುಕೊಟ್ಟ. ಹವೆಯ ಬಗ್ಗೆ ಮಾತಾಡಿದ. ಬ್ರೆಡ್ಡಿನ ಬಗ್ಗೆ ಮಾತಾಡಿದ. ಮತ್ತೆ ಹವೆಗೇ ಮರಳಿದ. ಆಕೆ ಕರವಸ್ತ್ರ ಮಡಚಿ ಬಿಚ್ಚಿ ಮಡಚಿದಳು.

ಆಗ ಅಡಿಗೆಮನೆಯ ಬಾಗಿಲು ಒದ್ದುಕೊಂಡು ಟರ್ಕಿ ಬಂತು. ಬಾಲ ಬಾಗಿಲಿಗೆ ಸಿಕ್ಕಿ, ಸಾರಿನ ಬೋಗುಣಿಯೊಂದಿಗೆ ಗಿರಗಿರ ತಿರುಗಿ, "ಗೊಳಗೊಳಗೊಳ!" ಎಂದಿತು.

ಇಮೊಜೀನ್ ನಕ್ಕಳು. ಟೋಪಿ ಬೀಳುವವರೆಗೆ ನಕ್ಕಳು. "ನಮ್ಮೆಜಮಾನ್ರು ಹೋದ್ಮೇಲೆ ಇಷ್ಟು ನಕ್ಕೇ ಇರ್ಲಿಲ್ಲ ನಾನು!" ಎನ್ನುತ್ತಾ ಎದ್ದಳು. "ಓರಿನ್, ಒಂಚೂರು ಇದನ್ನ ಹಿಡ್ಕೋತೀರಾ?" ಎಂದು ಕೈಚೀಲವನ್ನು ಅವನ ಮಡಿಲಿಗಿಟ್ಟು, ಟರ್ಕಿಯ ರೆಕ್ಕೆ ಹಿಡಿದು ರೇಡಿಯೋ ಹಾಡಿಗೆ ಕುಣಿಯತೊಡಗಿದಳು.

ಹಾಡುಗಳ ನಡುವೆ ಓರಿನ್ ಡ್ಯೂಯಿಯನ್ನು ಅಡಿಗೆಮನೆಯ ಮೂಲೆಗೆ ಎಳೆದ. "ಬಿಚ್ಚು ವೇಷ! ನಾನೇ ಹಾಕ್ಕೋತೀನಿ. ಇದು ನನ್ನ ಅಳತೇದು!"

"ಅದ್ಹೇಗಾಗುತ್ತೆ?" ಡ್ಯೂಯಿ ಕೊಕ್ಕು ಸರಿಪಡಿಸಿಕೊಂಡ. "ಗೆದ್ದಿರೋನು ನೀನು. ಆಟ ಅಂದ್ರೆ ಆಟ ಕಣಯ್ಯಾ."

"ವೆಲ್ಮಾ, ನೀನಾದ್ರೂ ಹೇಳು!"

ವೆಲ್ಮಾ ಗೆಣಸಿನ ತಟ್ಟೆಯನ್ನು ಅವನ ಕೈಗಿತ್ತಳು. "ಅಂತೂ ಇಂತೂ ಗೆದ್ದಿದ್ದೀಯ. ಸುಮ್ನೆ ಕೂತ್ಕೊಂಡು ಅನುಭವಿಸು."

ಹೊರಗಿನಿಂದ ಇಮೊಜೀನಳ ದನಿ ಕೇಳಿತು. "ಟರ್ಕಿಯವರೇ, ಬನ್ನಿ ಬನ್ನಿ, ಇನ್ನೊಂದು ಸುತ್ತು!"

ಗಂಡಸರಿಬ್ಬರೂ ಬಾಗಿಲಿಗೆ ನುಗ್ಗಿದರು. ರೆಕ್ಕೆ ಇದ್ದದ್ದು ಒಬ್ಬನಿಗೆ.