ಲಾರಿಯ ಬಾಲಕ್ಕೆ ಕಟ್ಟಿದ ಜೀಪು

ಮನೆ ಬದಲಾಯಿಸುವವರ ಸಹಾಯಕ್ಕೆ ಇನ್ನು ಹೋಗಬಾರದು ಅಂತ ನಾನು ಪ್ರತಿ ಸಲವೂ ತೀರ್ಮಾನ ಮಾಡುತ್ತೇನೆ. ಪ್ರತಿ ಸಲವೂ ಯಾರೋ ಫೋನ್ ಮಾಡಿ "ಗುರು, ಶನಿವಾರ ಫ್ರೀ ಇದೀಯಾ?" ಅನ್ನುತ್ತಾರೆ, ನಾನು ಹಿಂದೆ ಮುಂದೆ ನೋಡದೆ ಹೂಂ ಅನ್ನುತ್ತೇನೆ, ಆಮೇಲೆ ಏನಾದರೊಂದು ಆಗಿಯೇ ತೀರುತ್ತದೆ. ಒಮ್ಮೆ ಮೆಟ್ಟಿಲ ತಿರುವಿನಲ್ಲಿ ಸೋಫಾ ಸಿಕ್ಕಿಕೊಂಡು ಒಬ್ಬ ಜರ್ಮನ್ ಅಜ್ಜಿ ಅರ್ಧ ದಿನ ಮನೆಯಿಂದ ಹೊರಬರಲಾಗದೆ, ಕೊನೆಗೆ ಬಾಗಿಲ ಸಂದಿಯಿಂದಲೇ ನಮಗೆಲ್ಲ ಕೇಕ್ ಕೊಟ್ಟಿದ್ದರು. ಆದರೆ ಈ ವರ್ಷ ಇಲ್ಲಿ ಜರ್ಮನಿಯ ಶ್ವೀಬರ್ಡಿಂಗೆನ್‌ನಿಂದ ಸಿಂಡೆಲ್‌ಫಿಂಗೆನ್ ಪಕ್ಕದ ಹಳ್ಳಿಗೆ ನನ್ನ ಗೆಳೆಯನ ಸಂಸಾರ ಸಾಗಿಸಿದೆವಲ್ಲ, ಅದರ ಮುಂದೆ ಸೋಫಾ ಏನೇನೂ ಅಲ್ಲ. ಅವತ್ತಿನ ದಿನವನ್ನು ನೆನೆಸಿಕೊಂಡರೆ ನನಗೆ ಈಗಲೂ ಕುಣಿಯಬೇಕು ಅನ್ನಿಸುತ್ತದೆ.

೧. ಗಾಡಿ ಎರಡು, ಚಾಲಕ ಒಬ್ಬ

ನನ್ನ ಗೆಳೆಯನ ಹತ್ತಿರ ಒಂದು ಹಳೇ ಫೋರ್ ವೀಲ್ ಡ್ರೈವ್ ಜೀಪಿದೆ. ಆಲ್ಪ್ಸ್ ಬೆಟ್ಟ ಹತ್ತಿಸುತ್ತೇನೆ ಅಂತ ಕೊಂಡದ್ದು. ಇಲ್ಲಿಯವರೆಗೆ ಅದು ಹತ್ತಿರುವ ಅತಿ ಎತ್ತರದ ಜಾಗ ಎಂದರೆ ಸ್ಟುಟ್‌ಗಾರ್ಟ್‌ನ ಇಂಡಿಯನ್ ಅಂಗಡಿಯ ಮುಂದಿನ ಫುಟ್‌ಪಾತು. ಉಳಿದ ದಿನವೆಲ್ಲ ಅದು ವರ್ಕ್‌ಶಾಪಿನಲ್ಲೇ ಇರುತ್ತದೆ.

ಅವನ ಹೆಂಡತಿಯನ್ನು ನಾನು ಅತ್ತಿಗೆ ಅನ್ನುತ್ತೇನೆ. ಹೊಸದಾಗಿ ಕೊಂಡ ಮನೆಯಲ್ಲಿ ಇದ್ದದ್ದು ಒಂದೇ ಗ್ಯಾರೇಜು. ಅದರಲ್ಲಿ ಗ್ರೈಂಡರು, ಅಕ್ಕಿ ಚೀಲ, ಉಪ್ಪಿನಕಾಯಿ ಭರಣಿ ಇಡಬೇಕು ಅಂತ ಅತ್ತಿಗೆ, ಜೀಪು ನಿಲ್ಲಿಸಬೇಕು ಅಂತ ಇವನು. ವಾರಗಟ್ಟಲೆ ಜಗಳವಾಡಿ ಕೊನೆಗೆ ಒಪ್ಪಂದಕ್ಕೆ ಬಂದರು. ಮನೆ ಬದಲಾಯಿಸುವ ದಿನ ಜೀಪು ಎಲ್ಲೂ ಕೈಕೊಡದೆ ಹೊಸ ಮನೆ ತಲುಪಿದರೆ ಗ್ಯಾರೇಜು ಅದಕ್ಕೆ. ದಾರಿಯಲ್ಲಿ ಕೆಟ್ಟು ನಿಂತರೆ ಸೋಮವಾರವೇ ಮಾರಿಬಿಡುವುದು.

ಗೆಳೆಯ ರಾತ್ರಿಯೆಲ್ಲ ಅಮೆರಿಕದವರ ವೀಡಿಯೋ ನೋಡಿದ. ಅಲ್ಲಿ ದೊಡ್ಡ ಗಾಡಿಯ ಹಿಂದೆ ಜೀಪನ್ನು ನಾಲ್ಕೂ ಚಕ್ರ ನೆಲದ ಮೇಲೆ ಇರುವಂತೆಯೇ ಕಟ್ಟಿ, ಊರಿಂದೂರಿಗೆ ಎಳೆದುಕೊಂಡು ಹೋಗುತ್ತಾರೆ. ಬೆಳಗ್ಗೆ ನನಗೆ ಫೋನ್ ಬಂತು.

"ಮಗಾ, ಎಂಜಿನ್ನೇ ಓಡಿಸದಿದ್ರೆ ಅದು ಕೆಡೋದು ಹೇಗೆ?"

ತಾನು ಬಾಡಿಗೆ ಲಾರಿ ಓಡಿಸುವುದು, ಜೀಪನ್ನು ಅದರ ಹಿಂದೆ ಕಬ್ಬಿಣದ ಸರಳಿನಿಂದ ಕಟ್ಟುವುದು, ನಾನು ಜೀಪಿನಲ್ಲಿ ಕೂತು ಸ್ಟಿಯರಿಂಗ್ ಹಿಡಿಯುವುದು. ಇದು ಅವನ ಯೋಜನೆ. ನಾನು ಇಲ್ಲಿನ ಡ್ರೈವಿಂಗ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದವನು. ತಿರುಗುವ ಮುಂಚೆ ಭುಜದ ಮೇಲಿಂದ ಹಿಂದೆ ನೋಡಲಿಲ್ಲ ಅಂತ. ಅದನ್ನು ನೆನಪಿಸಿದೆ. ಅದಕ್ಕೇ ನಿನ್ನನ್ನು ಕರೆದದ್ದು, ಹಿಂದೆ ನೋಡುವ ಕೆಲಸವೇ ಇಲ್ಲ, ಎಳೆಸಿಕೊಳ್ಳುವ ಗಾಡಿಗೆ ಲೈಸೆನ್ಸೂ ಬೇಡ, ಮುಂದೆ ಲಾರಿ ನೋಡಿಕೊಂಡು ಕೂತರೆ ಸಾಕು ಅಂದ.

೨. ಒದ್ದರೆ ಬೀಳುವ ನ್ಯೂಟ್ರಲ್

ಫೋರ್ ವೀಲ್ ಡ್ರೈವ್ ಗಾಡಿಯನ್ನು ಹಾಗೆ ಎಳೆಯಬೇಕಾದರೆ ಗೇರಿನ ಪಕ್ಕದಲ್ಲಿರುವ ಇನ್ನೊಂದು ಚಿಕ್ಕ ಲಿವರನ್ನೂ ನ್ಯೂಟ್ರಲ್ಲಿಗೆ ಹಾಕಬೇಕು. ಆಗ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ. ಆದರೆ ಆ ಲಿವರನ್ನು ಇವನು ಕೊಂಡಾಗಿನಿಂದ ಮುಟ್ಟಿರಲಿಲ್ಲ. ಅತ್ತಿಗೆ ಪಕ್ಕದಲ್ಲಿ ನಿಂತು ಮೃದುವಾಗಿ ಎಳೆಯಿರಿ ಅಂತ ಹೇಳುತ್ತಲೇ ಇದ್ದರು. ಇವನು ಮೃದುವಾಗಿ ಎಳೆದ, ಜೋರಾಗಿ ಎಳೆದ, ನನ್ನನ್ನೂ ಎಳೆಯಲು ಕರೆದ. ಕೊನೆಗೆ ಸೀಟಿನಲ್ಲಿ ಮಲಗಿ ಹಿಮ್ಮಡಿಯಿಂದ ಒಂದು ಒದ್ದ. ಖಡಕ್ ಅಂತ ಬಿತ್ತು.

ಪರೀಕ್ಷೆಗೆಂದು ಜೀಪನ್ನು ಫಸ್ಟ್ ಗೇರಿನಲ್ಲೇ ಇಟ್ಟು ತಳ್ಳಿದೆವು. ಮಕ್ಕಳ ಆಟದ ಗಾಡಿಯ ಹಾಗೆ ಸರಾಗವಾಗಿ ಉರುಳಿತು. ಗೆಳೆಯ ಬೆವರು ಒರೆಸಿಕೊಳ್ಳುತ್ತ, ಇಷ್ಟು ಗಟ್ಟಿಯಾಗಿ ಕೂತ ಲಿವರು ಇನ್ನು ಜನ್ಮದಲ್ಲಿ ಕದಲುವುದಿಲ್ಲ ಅಂತ ಹೆಮ್ಮೆಯಿಂದ ಹೇಳಿದ. ಅವತ್ತು ಅವನು ಹೇಳಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ.

೩. ಪಕ್ಕದ ಮನೆಯವರ ಉಪಕಾರ

ಪೂಜೆ ಮಾಡದೆ ಹೊರಡುವುದುಂಟೇ? ಲಾರಿಗೂ ಜೀಪಿಗೂ ಕುಂಕುಮ ಇಟ್ಟು, ಊದುಬತ್ತಿ ಬೆಳಗಿ, ಎಲ್ಲ ಚಕ್ರಗಳ ಕೆಳಗೂ ನಿಂಬೆಹಣ್ಣು ಇಟ್ಟೆವು. ಪಕ್ಕದ ಮನೆಯ ಜರ್ಮನ್ ಯಜಮಾನರು ಬೇಲಿಯ ಆಚೆಯಿಂದ ಎಲ್ಲವನ್ನೂ ಗಂಭೀರವಾಗಿ ನೋಡುತ್ತಿದ್ದರು. ನಾವು ಕೊನೆಯ ಪೆಟ್ಟಿಗೆ ತರಲು ಒಳಗೆ ಹೋಗಿ ಬಂದೆವು. ಗೆಳೆಯ ದೇವರನ್ನು ನೆನೆದು ಲಾರಿ ಎತ್ತಿದ.

ಲಾರಿ ಗುಟುರು ಹಾಕಿತು, ಅಲ್ಲಾಡಲಿಲ್ಲ. ಇನ್ನಷ್ಟು ಒತ್ತಿದ. ರಬ್ಬರು ಸುಟ್ಟ ವಾಸನೆ ಬಂತು. ಜೀಪಿನಲ್ಲಿ ಕೂತ ನಾನು ಬ್ರೇಕ್ ತುಳಿದಿದ್ದೇನೆ ಅಂತ ಅವನು ಫೋನಿನಲ್ಲಿ ಬೈದ. ನಾನು ಎರಡೂ ಕಾಲನ್ನು ಕಿಟಕಿಯಿಂದ ಹೊರಗೆ ಹಾಕಿ ತೋರಿಸಿದೆ.

ಇಳಿದು ನೋಡಿದರೆ ಜೀಪಿನ ನಾಲ್ಕೂ ಚಕ್ರದ ಮುಂದೆ ಒಳ್ಳೆಯ ಮರದ ಅಡೆಗಳು ಬಿಗಿಯಾಗಿ ಕೂತಿದ್ದವು. ಯಜಮಾನರು ಬೇಲಿಯ ಹತ್ತಿರ ಬಂದು, ಇಷ್ಟು ಭಾರದ ಗಾಡಿ ತಡೆಯಲು ನಿಂಬೆಹಣ್ಣು ಸಾಲುವುದಿಲ್ಲ, ಹೇಳಿದರೆ ಬೇಜಾರು ಮಾಡಿಕೊಳ್ಳುತ್ತೀರೇನೋ ಅಂತ ನಾನೇ ಇಟ್ಟೆ ಅಂದರು. ಅಡೆ ತೆಗೆದು ಮುಂದೆ ಹೋದೆವು, ನಿಂಬೆಹಣ್ಣುಗಳು ಪಚಕ್ ಅಂತ ಒಡೆದವು. ಅವರು ತಲೆಯಾಡಿಸಿದರು. ತಮ್ಮ ಮಾತು ಸರಿಯಾಗಿತ್ತು ಅಂತ ಅವರಿಗೆ ಖಾತ್ರಿಯಾಯಿತು.

೪. ಫಸ್ಟ್ ಕ್ಲಾಸ್ ಕಂಡೀಷನ್

ಆಟೋಬಾನ್! ಜರ್ಮನಿಯ ಎಕ್ಸ್‌ಪ್ರೆಸ್ ಹೆದ್ದಾರಿ! ಪರೀಕ್ಷೆಯಲ್ಲಿ ಎರಡು ಸಲ ಫೇಲಾದ ನಾನು ಆಟೋಬಾನಿನ ಮೇಲೆ ಸ್ಟಿಯರಿಂಗ್ ಹಿಡಿದು ಕೂತಿದ್ದೆ. ಎಂಜಿನ್ ಸದ್ದಿಲ್ಲ, ಎರಡೂ ಗಾಡಿಯ ಹಳದಿ ದೀಪಗಳು ಮಿಣಮಿಣ ಅನ್ನುತ್ತಿವೆ, ಕಿಟಕಿಯಲ್ಲಿ ಗಾಳಿ. ಸಂತೋಷ ತಡೆಯಲಾಗದೆ ಪಕ್ಕದಲ್ಲಿ ಹೋಗುವವರಿಗೆಲ್ಲ ಕೈ ಬೀಸಿದೆ. ಅವರಲ್ಲೊಬ್ಬರು ಕೈ ಬೀಸಿ ನಮ್ಮ ಮುಂದೆ ಬಂದರು. ಪೊಲೀಸು.

ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿದೆವು. ಮಹಿಳಾ ಅಧಿಕಾರಿ ಸೌಜನ್ಯದಿಂದಲೇ ಕೇಳಿದರು, ಜೀಪಿಗೆ ಏನಾಗಿದೆ ಅಂತ.

ನಮ್ಮವರ ಗಾಡಿಯ ಬಗ್ಗೆ ಹಾಗೆ ಕೇಳಬಾರದು. ಗೆಳೆಯನಿಗೆ ಎಲ್ಲಿತ್ತೋ ರೋಷ, ಅದೂ ಹೆಂಡತಿ ಪಕ್ಕದಲ್ಲೇ ನಿಂತಿದ್ದಾಳೆ. ಏನೂ ಆಗಿಲ್ಲ, ಫಸ್ಟ್ ಕ್ಲಾಸ್ ಕಂಡೀಷನ್ನಿನಲ್ಲಿದೆ ಅಂದ. ಬ್ಯಾಟರಿ ಹೊಸದು, ಟೈರು ಹೊಸದು, ತಪಾಸಣೆ ಪಾಸಾಗಿದೆ ಅಂದ. ಅವನು ಹೊಗಳಿದಷ್ಟೂ ಅಧಿಕಾರಿಯ ಮುಖ ಗಂಟಿಕ್ಕುತ್ತ ಹೋಯಿತು. ಈ ದೇಶದಲ್ಲಿ ಕೆಟ್ಟು ನಿಂತ ಗಾಡಿಯನ್ನು ಮಾತ್ರ ಹೀಗೆ ಎಳೆಯಬಹುದು, ಚೆನ್ನಾಗಿರುವುದನ್ನು ಎಳೆಯಲು ಬೇರೆಯೇ ಅನುಮತಿ ಬೇಕು, ಅಷ್ಟು ಚೆನ್ನಾಗಿದ್ದರೆ ಓಡಿಸಿ ತೋರಿಸಿ ಅಂದರು.

ಪಾಪ, ಅವನ ಸ್ಥಿತಿ ಯಾರಿಗೂ ಬೇಡ. ಓಡಿದರೆ ದಂಡ, ಓಡದಿದ್ದರೆ ಗ್ಯಾರೇಜು ಹೋಯಿತು. ಜೀಪು ಹತ್ತಿ ಕೀಲಿ ತಿರುಗಿಸಿದ. ಎಂಜಿನ್ ಹುಲಿಯ ಹಾಗೆ ಗರ್ಜಿಸಿತು. ಗೇರು ಹಾಕಿದ, ಇನ್ನೂ ಗರ್ಜಿಸಿತು. ಜೀಪು ನಿಂತಲ್ಲೇ ನಿಂತಿತ್ತು. ಆ ಚಿಕ್ಕ ಲಿವರು ಕದಲಲೇ ಇಲ್ಲ. ಎಳೆದ, ಬೇಡಿಕೊಂಡ, ಅಧಿಕಾರಿಯ ಎದುರಿಗೇ ಒದ್ದ.

ಅಧಿಕಾರಿಗೆ ನಗು ತಡೆಯಲಾಗಲಿಲ್ಲ. ಇದು ನಿಜವಾಗಿಯೂ ಕೆಟ್ಟಿದೆ, ಈಗ ಎಳೆಯಬಹುದು, ಆದರೆ ಮುಂದಿನ ಎಕ್ಸಿಟ್ಟಿನಲ್ಲೇ ಇಳಿದು ಹಳ್ಳಿ ರಸ್ತೆಯಲ್ಲಿ ನಿಧಾನವಾಗಿ ಹೋಗಿ ಅಂತ ಬಿಟ್ಟುಬಿಟ್ಟರು. ಗೆಳೆಯ ಅವರ ಕೈ ಹಿಡಿದು ಕುಲುಕಿದ.

ಅತ್ತಿಗೆ ಲಾರಿ ಹತ್ತುತ್ತ ತಣ್ಣಗೆ ಹೇಳಿದರು: "ಕೆಟ್ಟಿದೆ ಅಂತ ಸರ್ಕಾರದವರೇ ಹೇಳಿದಾರೆ. ನಾನೇನೂ ಹೇಳಿಲ್ಲಪ್ಪ. ಸೋಮವಾರ ಮಾರೋಣ."

೫. ಮೊದಲು ಒಳಗೆ ಹೋದವರು

ಹೊಸ ಮನೆ ಇಳಿಜಾರಿನ ಕೊನೆಯಲ್ಲಿತ್ತು. ಮನೆಗೆ ಅಂಟಿಕೊಂಡಂತೆಯೇ ಗ್ಯಾರೇಜು, ಗ್ರೈಂಡರ್ ಇಳಿಸಲೆಂದು ಅದರ ಬಾಗಿಲನ್ನು ಅತ್ತಿಗೆ ಆಗಲೇ ತೆರೆದಿಟ್ಟಿದ್ದರು. ಗೆಳೆಯ ಇಳಿಜಾರು ಶುರುವಾಗುವಲ್ಲೇ ಜೀಪನ್ನು ಲಾರಿಯಿಂದ ಬಿಚ್ಚಿ, ಲಾರಿಯನ್ನು ಪಕ್ಕಕ್ಕೆ ಸರಿಸಿ, ಊರಿನ ಅಭ್ಯಾಸದಂತೆ ಹ್ಯಾಂಡ್‌ಬ್ರೇಕ್ ಹಾಕದೆ ಫಸ್ಟ್ ಗೇರಿನಲ್ಲಿಟ್ಟು ಇಳಿದ. ಮುಖ ನೋಡಲಾಗುತ್ತಿರಲಿಲ್ಲ.

ಮುಂಬಾಗಿಲಿನಲ್ಲಿ ಹಾಲಿನ ಪಾತ್ರೆ, ದೇವರ ಫೋಟೋ ಸಿದ್ಧವಾಗಿತ್ತು. ಮೈಸೂರಿನಿಂದ ಗೆಳೆಯನ ಅಮ್ಮ ವೀಡಿಯೋ ಕಾಲಿನಲ್ಲಿದ್ದರು. ಅವರಿಗೆ ಒಂದೇ ಕೊರಗು. ಹೊಸ ಮನೆಗೆ ಮೊದಲು ಹಸು ಕಾಲಿಡಬೇಕು, ಅಷ್ಟೊಂದು ಹಾಲು ಕುಡಿಯುವ ದೇಶದಲ್ಲಿ ನಿಮಗೆ ಒಂದು ಹಸು ಸಿಗಲಿಲ್ಲವೇ ಅಂತ. ಹಸು ತರುವುದಾದರೆ ಅದನ್ನೂ ಲಾರಿಗೆ ಕಟ್ಟಿ ಎಳೆದು ತರಬೇಕಾಗಿತ್ತು ಅಂತ ಅತ್ತಿಗೆ ಹೇಳಿ, ಬಲಗಾಲು ಎತ್ತಿದರು.

ಅಷ್ಟರಲ್ಲಿ ಜೀಪು ಹೊರಟಿತು.

ಚಿಕ್ಕ ಲಿವರು ನ್ಯೂಟ್ರಲ್ಲಿನಲ್ಲೇ ಕೂತಿರುವಾಗ ಅದಕ್ಕೆ ಗೇರಿದ್ದರೇನು, ಇಲ್ಲದಿದ್ದರೇನು. ನಾನು ಕೂಗುತ್ತ ಪಕ್ಕದಲ್ಲಿ ಓಡಿದೆ. ಅದು ಹಳದಿ ದೀಪ ಮಿಣುಕಿಸಿಕೊಂಡು, ಯಾವ ಅವಸರವೂ ಇಲ್ಲದೆ, ನೇರವಾಗಿ ಗ್ಯಾರೇಜಿನ ಒಳಗೆ ಹೋಯಿತು. ಹಳೇ ಮಾಲೀಕರು ಬಿಟ್ಟುಹೋಗಿದ್ದ ಟೈರುಗಳಿಗೆ ಮೆತ್ತಗೆ ಮೂತಿ ಒರಗಿಸಿ ನಿಂತಿತು. ಒಂದು ಗೀರೂ ಇಲ್ಲ. ಅತ್ತಿಗೆಯ ಕಾಲು ಇನ್ನೂ ಗಾಳಿಯಲ್ಲೇ ಇತ್ತು.

ಮೊದಲು ಮಾತಾಡಿದ್ದು ಮೈಸೂರು.

"ಒಳಗೆ ಹೋಯ್ತಲ್ಲ, ಬಲಗಡೆ ಚಕ್ರ ಮೊದಲು ಇಟ್ಟಿತಾ?"

ಹತ್ತಿರದಿಂದ ನೋಡಿದವನು ನಾನೊಬ್ಬನೇ. ಗೆಳೆಯ ನನ್ನನ್ನೇ ನೋಡುತ್ತಿದ್ದ. ಬಲಗಡೆಯದೇ ಅಮ್ಮಾ ಅಂದೆ.

ಹಾಗಾದರೆ ಸರಿ, ಹಸುವಿನ ಜಾಗದಲ್ಲಿ ಅದೇ ಬಂತು ಅಂದುಕೊಳ್ಳಿ, ಮೊದಲು ಒಳಗೆ ಬಂದದ್ದನ್ನು ಯಾವ ಕಾರಣಕ್ಕೂ ಮಾರಕೂಡದು ಅಂತ ಅಮ್ಮ ತೀರ್ಪು ಕೊಟ್ಟರು. ಗೆಳೆಯ ಹಾರಿ ನನ್ನನ್ನು ತಬ್ಬಿಕೊಂಡ.

ಅತ್ತಿಗೆ ಅಷ್ಟು ಸುಲಭಕ್ಕೆ ಬಿಡುವವರಲ್ಲ. ನೆಲ ಒರೆಸುವ ಬಟ್ಟೆ ಹಿಡಿದು ಗ್ಯಾರೇಜಿಗೆ ಹೋಗಿ, ಜೀಪಿನ ಕೆಳಗೆ ಫೋನ್ ಹಿಡಿದರು. ಹೊಸ ನೆಲದ ಮೇಲೆ ತೊಟ್ಟು ತೊಟ್ಟಾಗಿ ಆಯಿಲ್ ಸೋರಿ ಕಪ್ಪು ಮಡುವಾಗಿತ್ತು.

"ನೋಡಿ ಅತ್ತೆ, ಬಂದ ತಕ್ಷಣ ಏನು ಮಾಡಿದೆ ಅಂತ. ನೀವೇ ಹೇಳಿ, ಇದನ್ನ ಮನೇಲಿ ಇಟ್ಕೊಳ್ಳೋಕಾಗುತ್ತಾ?"

ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರು. ಆಮೇಲೆ ಎರಡೂ ಕೈ ಜೋಡಿಸಿದರು.

"ಒಳಗೆ ಬಂದು ಗಂಜಳಾನೂ ಹಾಕ್ತಾ? ಇದಕ್ಕಿಂತ ಶುಭ ಇನ್ನೇನು ಬೇಕು. ಒರೆಸ್ಬೇಡಮ್ಮ, ಅರಿಶಿನ ಕುಂಕುಮ ಇಡು."