ಸಂಪಿಗೆಯ ಬಾಯಿ

ನಾಯಿಮರಿಗೆ ಹೆಸರಿಡುವ ಮುನ್ನ ನಾಲ್ಕು ದಿನ ತಡೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮನುಷ್ಯರ ಹೆಸರುಗಳ ವಿಷಯ ಬಿಡಿ. ಶಾಂತಮ್ಮ ಎಂದು ಹೆಸರಿಟ್ಟುಕೊಂಡು ಇಡೀ ಬೀದಿಗೆ ಕೇಳುವಂತೆ ಜಗಳ ಆಡುವವರನ್ನು ನಾವು ಸಹಿಸಿಕೊಂಡಿದ್ದೇವೆ. ವೀರಭದ್ರಪ್ಪ ಎಂಬ ಹೆಸರಿನವರು ಜಿರಳೆ ಕಂಡು ಮಂಚ ಹತ್ತಿದ್ದನ್ನು ನಾನೇ ನೋಡಿದ್ದೇನೆ. ಆದರೆ ನಾಯಿಯ ಹೆಸರನ್ನು ದಿನಕ್ಕೆ ಇಪ್ಪತ್ತು ಸಲ, ಅದೂ ಬೀದಿಯಲ್ಲಿ ನಿಂತು, ಗಟ್ಟಿಯಾಗಿ ಕೂಗಬೇಕಾಗುತ್ತದೆ. ಎಂಟು ವರ್ಷದ ಹಿಂದೆ ಚಳ್ಳಕೆರೆಯ ನಮ್ಮ ಮನೆ ಮುಂದಿನ ಚರಂಡಿ ಪಕ್ಕದಿಂದ ನನ್ನ ಮಗಳು ಒಂದು ಮರಿಯನ್ನು ಎತ್ತಿಕೊಂಡು ಬಂದಳು. ಅದರ ತಿಳಿ ಹಳದಿ ಮೈಬಣ್ಣ ನೋಡಿ ‘ಸಂಪಿಗೆ’ ಎಂದು ಹೆಸರಿಟ್ಟಳು. ಆಗ ಅದರ ಬಾಯಿಗೆ ಹಾಲಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಮುಂದೇನಾಗುತ್ತದೆ ಎಂದು ಆ ಮಗುವಿಗೇನು ಗೊತ್ತು?

ಕಳೆದ ವರ್ಷದಿಂದ ಸಂಪಿಗೆಯ ಬಾಯಿ ನಾರತೊಡಗಿತು. ಮೊದಮೊದಲು ಅದು ಹತ್ತಿರ ಬಂದರೆ ಮಾತ್ರ ಗೊತ್ತಾಗುತ್ತಿತ್ತು. ಆಮೇಲೆ ನಡುಮನೆಯಲ್ಲಿ ಅದು ಆಕಳಿಸಿದರೆ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ನನ್ನ ಹೆಂಡತಿ ಗಿರಿಜೆ, “ರೀ, ನಿಮ್ಮ ಸಂಪಿಗೆ ಅರಳ್ತು ನೋಡ್ರಿ” ಎನ್ನುವಷ್ಟಾಯಿತು. ನಾನು ಮೊಳಕಾಲ್ಮುರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ದಿನಾ ಚಳ್ಳಕೆರೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮನೆಯಲ್ಲಿ ಏನೇ ಕೆಟ್ಟರೂ, ಮಿಕ್ಸಿಯಿಂದ ಹಿಡಿದು ನಾಯಿಯ ಬಾಯಿವರೆಗೆ, ಅದಕ್ಕೆ ವಿಜ್ಞಾನದ ಮೇಷ್ಟ್ರೇ ಹೊಣೆ ಎಂಬ ಕಾಯಿದೆ ನಮ್ಮಲ್ಲಿದೆ. ಮಿಕ್ಸಿಯನ್ನು ನಾನು ಬಿಚ್ಚಿ ಜೋಡಿಸಿದ ಮೇಲೆ ಎರಡು ಸ್ಕ್ರೂ ಉಳಿದಿದ್ದವು, ಮಿಕ್ಸಿ ಉಳಿದಿರಲಿಲ್ಲ. ಆ ಕಥೆ ಇಲ್ಲಿ ಬೇಡ.

ಸಂಗತಿ ವಿಕೋಪಕ್ಕೆ ಹೋದದ್ದು ತಿಪ್ಪೇಸ್ವಾಮಿ ಮಾವನಿಂದ. ಮಾವ ಎಂದರೆ ನನ್ನ ಅವ್ವನ ಬೆನ್ನಿಗೆ ಬಿದ್ದ ತಮ್ಮ. ಈಗ ತನ್ನ ಊರಾದ ಕೊಂಡ್ಲಹಳ್ಳಿಯಲ್ಲಿ ಹೊಲ ನೋಡಿಕೊಂಡಿದ್ದಾನೆ. ಮೊದಲು ಚಳ್ಳಕೆರೆಯ ಒಂದು ಶೇಂಗಾ ಎಣ್ಣೆ ಮಿಲ್ಲಿನಲ್ಲಿದ್ದ. ಅಲ್ಲಿ ಅವನ ಕೆಲಸ ಮೂಸುವುದು. ತಮಾಷೆಯಲ್ಲ. ಅಂಗೈಗೆ ಒಂದು ಹನಿ ಎಣ್ಣೆ ಹಾಕಿ ಉಜ್ಜಿ, ಕಣ್ಣು ಮುಚ್ಚಿ ಮೂಗಿನ ಹತ್ತಿರ ತಂದರೆ, ಎಣ್ಣೆ ಕಮಟಾಗಿದೆಯೇ, ಕಾಯಿ ಮಳೆಗೆ ನೆಂದಿತ್ತೇ, ಎಲ್ಲವನ್ನೂ ಹೇಳುತ್ತಿದ್ದ. ಅವನು ತಲೆಯಾಡಿಸದೆ ಒಂದು ಡಬ್ಬವೂ ಹೊರಗೆ ಹೋಗುತ್ತಿರಲಿಲ್ಲವಂತೆ. ಈ ಮೂಗು ಪ್ರತಿ ಭಾನುವಾರ ಅಕ್ಕನನ್ನು ನೋಡಲು ನಮ್ಮ ಮನೆಗೆ ಬರುತ್ತಿತ್ತು. ಅಕ್ಕ ತಮ್ಮ ಕೂತು, ಸತ್ತವರ ಬದುಕಿದವರ ಸುದ್ದಿಯೆಲ್ಲ ತೆಗೆದು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ವಾರದ ಉಳಿದ ಆರು ದಿನ ಅವ್ವನ ಜೊತೆ ಇರುತ್ತಿದ್ದದ್ದು ಸಂಪಿಗೆ. ನಾನು ಶಾಲೆಗೆ, ಗಿರಿಜೆ ಅಂಗನವಾಡಿಗೆ, ಮಗಳು ದಾವಣಗೆರೆಯ ಹಾಸ್ಟೆಲಿಗೆ. ಅವ್ವ ಮಾತಾಡಿದ್ದನ್ನೆಲ್ಲ ಕೇಳಿಸಿಕೊಳ್ಳಲು ಮಂಚದ ಕೆಳಗೆ ಸಂಪಿಗೆ.

ಆ ಭಾನುವಾರ ಮಾವ ಚಹಾದ ಲೋಟ ಬಾಯಿಗಿಡುವ ಹೊತ್ತಿಗೆ ಸಂಪಿಗೆ ಪ್ರೀತಿಯಿಂದ ಅವನ ತೊಡೆಯ ಮೇಲೆ ಎರಡೂ ಮುಂಗಾಲು ಇಟ್ಟು, ನಾಲಿಗೆ ಇಳಿಬಿಟ್ಟು, ಮುಖದ ಹತ್ತಿರ ನಿಡಿದಾಗಿ ಉಸಿರುಬಿಟ್ಟಿತು. ಮಾವ ಲೋಟ ಕೆಳಗಿಟ್ಟ. ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು ಹೇಳಿದ:

“ಅಕ್ಕಾ, ಬೇಜಾರು ಮಾಡ್ಕಬ್ಯಾಡ. ಮಳೆಗೆ ಮುಗ್ಗಿದ ಹಿಂಡೀನ ತಡ್ಕಂಡಿದೀನಿ, ಇದನ್ನ ತಡಿಯಾಕಾಗಲ್ಲ. ಇದನ್ನ ನಮ್ಮ ಹೊಲಕ್ಕೆ ಕಳ್ಸು. ಅಲ್ಲಿ ಬಯಲು ಗಾಳಿ ಐತೆ. ಶೇಂಗಾಕ್ಕೆ ಹಂದಿ ಕಾಟ ಬ್ಯಾರೆ ಐತೆ. ಇದು ಬೊಗಳೋದೂ ಬ್ಯಾಡ, ಬಾಯಿ ತೆಗೆದು ನಿಂತ್ರೆ ಸಾಕು.”

“ಅದು ಹೋದ್ರೆ ನಾನು ಯಾರ ಜೊತೆ ಮಾತಾಡ್ಲೋ?” ಎಂದಳು ಅವ್ವ.

“ಅದು ಇದ್ರೆ ನಾನು ಬರಲ್ಲಕ್ಕಾ. ನನ್ ಕೈಲಾಗಲ್ಲ.”

ಅವ್ವ ಅವತ್ತು ಮಧ್ಯಾಹ್ನ ಊಟಕ್ಕೆ ಕೂತು ಮುದ್ದೆಯ ಒಂದು ಮಗ್ಗುಲನ್ನಷ್ಟೇ ಮುರಿದು ಎದ್ದಳು. ತಮ್ಮನೋ ನಾಯಿಯೋ ಎಂದು ಎಪ್ಪತ್ತೈದರ ಹೆಂಗಸನ್ನು ಕೇಳುವುದು ನ್ಯಾಯವಲ್ಲ. ನನಗೆ ಎಲ್ಲಿಂದ ಧೈರ್ಯ ಬಂತೋ, “ಮಾವ, ಶೇಂಗಾ ಕೀಳೋತನಕ ಟೈಮ್ ಕೊಡ್ರಿ. ಅಷ್ಟರಾಗೆ ಇದರ ಬಾಯಿ ಸರಿ ಮಾಡ್ತೀನಿ. ಆಗಲಿಲ್ಲ ಅಂದ್ರೆ ನಾನೇ ಕರ್ಕಂಡು ಬಂದು ನಿಮ್ ಹೊಲದಾಗೆ ಬಿಡ್ತೀನಿ” ಎಂದುಬಿಟ್ಟೆ. ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಆಗ್ಲಿ ಕಣ್ಲೇ ಮಂಜಾ. ಆದ್ರೆ ಮೂಸಿ ಹೇಳೋನು ನಾನೇ” ಎಂದ. ಕೊಯ್ಲಿಗೆ ಇನ್ನು ಒಂದೂವರೆ ತಿಂಗಳಿತ್ತು.

ಮರುದಿನವೇ ಒಂದು ಮೆತ್ತನೆಯ ಬ್ರಶ್ಶು ತಂದೆ. ಮನೆಯಲ್ಲಿದ್ದ ಪುದೀನದ ಪೇಸ್ಟನ್ನೇ ಹಚ್ಚಿ ಸಂಪಿಗೆಯ ಎದುರು ಮಂಡಿಯೂರಿ ಕೂತೆ. ಅದು ನನ್ನನ್ನು ಒಮ್ಮೆ, ಬ್ರಶ್ಶನ್ನು ಒಮ್ಮೆ ನೋಡಿ, ಪೇಸ್ಟಿನ ವಾಸನೆಗೆ ಸೀನಿ, ಮಂಚದ ಕೆಳಗೆ ನುಗ್ಗಿ ಗೋಡೆಗೆ ಅಂಟಿಕೊಂಡಿತು. ನಾನೂ ಹಿಂದೆಯೇ ನುಗ್ಗಿದೆ. ಹೊರಗೆ ಬರುವಾಗ ಬ್ರಶ್ಶು ಅದರ ಬಾಯಲ್ಲೇ ಇತ್ತು, ಆದರೆ ಅಡ್ಡಡ್ಡಲಾಗಿ. ಅದನ್ನು ಹಿತ್ತಿಲ ಕರಿಬೇವಿನ ಗಿಡದ ಬುಡದಲ್ಲಿ ಗುಂಡಿ ತೋಡಿ ಹೂತು, ಮೂಗಿನಿಂದ ಮಣ್ಣು ತಳ್ಳಿ, ಮೇಲೆ ಕೂತಿತು. ಎರಡನೆಯ ಬ್ರಶ್ಶಿಗೂ ಅದೇ ಗತಿಯಾಯಿತು. ಮೂರನೆಯದನ್ನು ತಂದಾಗ ಗಿರಿಜೆ, “ಮಳೆ ಬಂದ್ರೆ ಎಲ್ಲಾ ಮೊಳಕೆ ಒಡೀತಾವೆ ಬಿಡ್ರಿ” ಎಂದಳು.

ಕೊನೆಗೆ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರಮ್ಮ ನನ್ನ ಹಳೆಯ ಶಿಷ್ಯೆಯರ ವಯಸ್ಸಿನ ಹುಡುಗಿ. ನಾನು ಪೇಸ್ಟಿನ ಕಥೆ ಹೇಳುತ್ತಿದ್ದಂತೆ ಹಣೆ ಚಚ್ಚಿಕೊಂಡಳು. “ಸರ್, ನಮ್ಮ ಪೇಸ್ಟನ್ನ ನಾಯಿಗೆ ಹಾಕಲೇಬಾರದು. ನಾವು ಉಗೀತೀವಿ, ಅದು ನುಂಗುತ್ತೆ. ಅದರಲ್ಲಿರೋದು ಅದಕ್ಕೆ ವಿಷ ಆಗಬಹುದು” ಎಂದಳು. ವಿಜ್ಞಾನದ ಮೇಷ್ಟ್ರು ತಲೆ ತಗ್ಗಿಸಿದರು. ಆಮೇಲೆ ಅವಳು ಸಂಪಿಗೆಯ ತುಟಿ ಎತ್ತಿ ತೋರಿಸಿದಳು. ದವಡೆಹಲ್ಲುಗಳ ಮೇಲೆ ಕಂದು ಬಣ್ಣದ ಗಟ್ಟಿ ಪಾಚಿ ಕಲ್ಲಾಗಿ ಕೂತಿತ್ತು. ಒಂದು ಹಲ್ಲು ಸೀಳಿ ಅಲುಗಾಡುತ್ತಿತ್ತು, ವಸಡು ಕೆಂಪಗೆ ಊದಿತ್ತು. “ಇದು ಬರೀ ವಾಸನೆ ಅಲ್ಲ ಸರ್, ನೋವು. ಪಾಪ, ಹೇಳ್ಕೊಳ್ಳೋಕೆ ಬಂದಿಲ್ಲ” ಎಂದಳು. ಇಷ್ಟು ದಿನ ನಾವು ಮೂಗು ಮುಚ್ಚಿಕೊಂಡು ನಗುತ್ತಿದ್ದೆವು. ಅದು ನೋವಿಟ್ಟುಕೊಂಡೇ ಬಾಲ ಅಲ್ಲಾಡಿಸುತ್ತಿತ್ತು.

ಮತ್ತಿನ ಇಂಜೆಕ್ಷನ್ ಕೊಟ್ಟು ಹಲ್ಲು ಶುಚಿ ಮಾಡಿದರು. ಸೀಳಿದ ಹಲ್ಲನ್ನು ಕಿತ್ತರು. ವಸಡಿಗೆ ಔಷಧಿ ಕೊಟ್ಟರು. “ಇನ್ನು ಮೇಲೆ ಮತ್ತೆ ಕಟ್ಟದಂಗೆ ನೋಡ್ಕೊಬೇಕು. ಬ್ರಶ್ಶೇ ಒಳ್ಳೇದು” ಎಂದಳು ಡಾಕ್ಟರಮ್ಮ. ನಾನು ಕರಿಬೇವಿನ ಗಿಡದ ವಿಷಯ ಹೇಳಿದೆ. ಅವಳು ನಕ್ಕು, “ಹಾಗಾದ್ರೆ ವಸಡು ಆರಿದ ಮೇಲೆ ಒದ್ದೆ ಹತ್ತಿಬಟ್ಟೆಯನ್ನ ಬೆರಳಿಗೆ ಸುತ್ಕೊಂಡು ದಿನಾ ಹಲ್ಲಿನ ಹೊರಮೈ ಒರೆಸಿ. ಮಣ್ಣೊಳಗಿರೋ ಬ್ರಶ್ಶಿಗಿಂತ ಬಾಯೊಳಗೆ ಹೋಗೋ ಬಟ್ಟೆ ಮೇಲು. ನೀರಿನ ಬೋಗುಣಿ ದಿನಾ ತೊಳೆದು ಹೊಸ ನೀರು ಹಾಕಿ. ಕಡಿಯೋಕೆ ದಪ್ಪ ಕ್ಯಾರೆಟ್ ಕೊಡಿ, ಪಕ್ಕದಲ್ಲೇ ಇದ್ದು ನೋಡ್ಕೊಳ್ಳಿ. ಬೇಯಿಸಿದ ಮೂಳೆ ಬೇಡ, ಸಿಹಿಯಂತೂ ಮುಟ್ಟಿಸಬೇಡಿ” ಎಂದಳು.

“ಸಿಹಿ ನಮ್ಮ ಮನೇಲಿ ಯಾರೂ ಹಾಕಲ್ಲ” ಎಂದು ನಾನು ಬೀಗಿದೆ. ಮನೆಗೆ ಬಂದು ಇದನ್ನೇ ಹೇಳಿದಾಗ ಅವ್ವ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಸಂಪಿಗೆಯ ಕಣ್ಣು ಆ ಮುಷ್ಟಿಯ ಮೇಲೇ ಇತ್ತು. “ಏನವ್ವಾ ಅದು?” ಎಂದೆ. ಗಂಟು ಬಿಚ್ಚಿದರೆ ಬೆಲ್ಲದ ನಾಲ್ಕು ಚೂರು, ಅರ್ಧ ಕ್ರೀಮ್ ಬಿಸ್ಕತ್ತು.

“ದಿನಕ್ಕೆ ಒಂದೇ ಒಂದು ಚೂರು ಕಣಪ್ಪಾ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಊಟ ಆದ್ಮ್ಯಾಲೊಂದು” ಎಂದಳು. ಇನ್ನೂ ಸ್ವಲ್ಪ ಹೊತ್ತಿಗೆ, “ಅದು ನನ್ನ ಮುಖ ನೋಡಿದಾಗೊಂದು” ಎಂದಳು. ಸಂಪಿಗೆಗೆ ಅವ್ವನ ಮುಖ ನೋಡುವುದು ಬಿಟ್ಟು ಬೇರೆ ಕೆಲಸವೇ ಇರಲಿಲ್ಲ. ಆದರೆ ಹಲ್ಲಿನ ನೋವಿನ ವಿಷಯ ಹೇಳಿದ ಕೂಡಲೇ ಅವ್ವ ಎದ್ದು ಹೋಗಿ ಬೆಲ್ಲವನ್ನು ಡಬ್ಬಕ್ಕೆ ಹಾಕಿ, ಡಬ್ಬವನ್ನು ತನ್ನ ಕೈಗೆಟುಕದ ಅಟ್ಟಣಿಗೆಯ ಮೇಲೆ ಇಡುವಂತೆ ಗಿರಿಜೆಗೆ ಹೇಳಿದಳು. ತಾನೂ ಅವತ್ತಿನಿಂದ ಬೆಲ್ಲ ಬಿಟ್ಟಳು. ಅದರ ಎದುರಿಗೆ ತಿನ್ನುವುದು ಸರಿಯಲ್ಲವಂತೆ.

ಕ್ಯಾರೆಟ್ಟು ಸುಲಭವಾಗಿ ಗೆದ್ದಿತು. ಸಂಪಿಗೆ ಅದನ್ನು ಎರಡು ಕಾಲಲ್ಲಿ ಒತ್ತಿ ಹಿಡಿದು ಕಟಕಟ ಕಡಿಯುವ ಸದ್ದು ಪಕ್ಕದ ಮನೆಗೂ ಕೇಳುತ್ತಿತ್ತು. ತಕರಾರು ಇದ್ದದ್ದು ಬಟ್ಟೆಯದು. ನಾನು ಎದುರು ಕೂತು, ಎರಡೂ ದವಡೆ ಹಿಡಿದು, ‘ಆ’ ಅನ್ನು ಎಂದು ಬಾಯಿ ಬಿಡಿಸಲು ಹೋದರೆ ಅದು ಹಲ್ಲು ಕಚ್ಚಿಕೊಂಡು, ಕತ್ತು ತಿರುಗಿಸಿ, ಕೊನೆಗೆ ಗುರ್ ಎಂದಿತು. ಎಂಟು ವರ್ಷದಲ್ಲಿ ನನ್ನ ಮೇಲೆ ಗುರ್ ಎಂದದ್ದು ಅದೇ ಮೊದಲು.

ಈ ಗಂಟನ್ನು ಬಿಡಿಸಿದವನು ಓಬಣ್ಣ. ಮೊಳಕಾಲ್ಮುರಿನಲ್ಲಿ ಸಂಜೆ ನಾನು ಬಸ್ಸಿಗೆ ಕಾಯುವ ಹೊತ್ತಿಗೆ ಕುರಿಮಂದೆ ಹೊಡೆದುಕೊಂಡು ಹೋಗುವ ಹಿರಿಯ ಅವನು. ಅವತ್ತು ಒಬ್ಬ ವ್ಯಾಪಾರಿಗೆ ಕುರಿಯ ವಯಸ್ಸು ತೋರಿಸುತ್ತಿದ್ದ. ಪಕ್ಕದಲ್ಲಿ ನಿಂತು, ಕುರಿಯ ಕತ್ತನ್ನು ತನ್ನ ತೊಡೆಗೆ ಒರಗಿಸಿಕೊಂಡು, ಒಂದು ಬೆರಳಲ್ಲಿ ತುಟಿ ಎತ್ತಿದ ಅಷ್ಟೆ. ಕುರಿ ಮೆಲುಕು ಹಾಕುವುದನ್ನೂ ನಿಲ್ಲಿಸಲಿಲ್ಲ. ನಾನು ಬಸ್ಸು ಬಿಟ್ಟು ಅವನ ಹತ್ತಿರ ಹೋಗಿ ನನ್ನ ಕಷ್ಟ ಹೇಳಿಕೊಂಡೆ.

“ಮೇಷ್ಟ್ರೇ, ಒರೆಸಬೇಕಾಗಿರೋದು ಹಲ್ಲಿನ ಹೊರಗಡೆ ಅಂತೀರಿ. ಮತ್ತೆ ನೋರು ಯಾಕೆ ತೆಗೆಸ್ತೀರಿ?” ಎಂದ ಓಬಣ್ಣ ಅರ್ಧ ತೆಲುಗಿನಲ್ಲಿ, ತನ್ನ ಬಾಯಿ ತೋರಿಸುತ್ತ. “ಎದುರು ಕುಂತ್ರೆ ಜಗಳಕ್ಕೆ ಬಂದಂಗೆ. ಪಕ್ಕದಾಗೆ ಕುಂತ್ಕಳ್ರಿ. ಮದ್ಲು ಕೆನ್ನೆ ಸವರ್ರಿ. ತುಟಿ ಒಂಚೂರು ಎತ್ರಿ. ಅದಕ್ಕೆ ಬ್ಯಾಡ ಅನ್ನಿಸಿದ್ರೆ ಬಿಟ್ಟುಬಿಡ್ರಿ, ನಾಳೆ ಐತಲ್ಲ.”

ಅವನ ಕುರಿಯ ಮೇಲೆಯೇ ನನಗೆ ಅಭ್ಯಾಸ ಮಾಡಿಸಿದ. ರಸ್ತೆ ಪಕ್ಕದಲ್ಲಿ ಇನ್‌ಶರ್ಟ್ ಮಾಡಿಕೊಂಡು ನಿಂತು ಕುರಿಗಳ ತುಟಿ ಎತ್ತಿ ನೋಡುತ್ತಿದ್ದ ನನ್ನನ್ನು ಒಂಬತ್ತನೇ ತರಗತಿಯ ಅರ್ಧ ಭಾಗ ನೋಡಿತು. ಮೇಷ್ಟ್ರು ಕುರಿ ವ್ಯಾಪಾರಕ್ಕೆ ಇಳಿದಿದ್ದಾರೆ ಎಂಬ ಸುದ್ದಿ ಮರುದಿನ ನಾನು ಶಾಲೆ ಮುಟ್ಟುವ ಮೊದಲೇ ಮುಟ್ಟಿತ್ತು.

ಮನೆಯಲ್ಲಿ ಓಬಣ್ಣನ ಮಾತನ್ನು ಅಕ್ಷರಶಃ ಪಾಲಿಸಿದೆ. ಮೊದಲ ಎರಡು ದಿನ ಬರೀ ಕೆನ್ನೆ. ಮೂರನೆಯ ದಿನ ತುಟಿ. ಐದನೆಯ ದಿನ ಒದ್ದೆ ಬಟ್ಟೆ, ಒಂದು ಕೋರೆಹಲ್ಲು. ಅವ್ವ ಪಕ್ಕದಲ್ಲಿ ಕೂತು, “ನನ್ನವ್ವ, ಬಂಗಾರ, ಇನ್ನೊಂದೇ ಒಂದು” ಎನ್ನುತ್ತಿದ್ದಳು. ಎರಡು ವಾರ ಕಳೆಯುವ ಹೊತ್ತಿಗೆ ಬಟ್ಟೆ ಕಂಡರೆ ಸಂಪಿಗೆ ತಾನೇ ಬಂದು ಕೆನ್ನೆ ಕೊಟ್ಟು ಕೂರತೊಡಗಿತು. ಒರೆಸಿದ ಮೇಲೆ ಕ್ಯಾರೆಟ್ಟು ಬರುತ್ತದೆ ಎಂಬುದು ಅದಕ್ಕೆ ಗೊತ್ತಾಗಿತ್ತು.

ಶೇಂಗಾ ಕಿತ್ತಾಯಿತು. ಮಾವ ಒಂದು ಚೀಲ ಹಸಿಕಾಯಿ ಹೊತ್ತುಕೊಂಡು ಬಂದ. ನನ್ನ ಮೇಲೆ ಅಷ್ಟೇನೂ ನಂಬಿಕೆ ಇಲ್ಲದ ಗಿರಿಜೆ ದೇವರ ಮುಂದೆ ಒಂದು ಕಟ್ಟು ಊದುಬತ್ತಿ ಹಚ್ಚಿಟ್ಟಿದ್ದಳು. ಮಾವ ಹೊಸ್ತಿಲಲ್ಲೇ ನಿಂತು, “ಅವನ್ನ ಆರಿಸ್ರಿ. ಕಿಟಕಿ ತೆಗೀರಿ” ಎಂದ. ಹೊಗೆಯೆಲ್ಲ ಹೋಗುವತನಕ ಹೊರಗೇ ನಿಂತಿದ್ದ. ಒಳಗೆ ಬಂದು ಕುರ್ಚಿಯಲ್ಲಿ ಕೂತ, ಕನ್ನಡಕ ತೆಗೆದ, ಮೂಗನ್ನು ಟವೆಲ್ಲಿನಿಂದ ಒರೆಸಿಕೊಂಡ, ಕಣ್ಣು ಮುಚ್ಚಿದ. ಅವ್ವ ಮಂಚದ ಅಂಚನ್ನು ಹಿಡಿದುಕೊಂಡಿದ್ದಳು. ಒಂದೂವರೆ ತಿಂಗಳು ಕಾಣದ ಮಾವನನ್ನು ಕಂಡ ಖುಷಿಗೆ ಸಂಪಿಗೆ ಓಡಿ ಬಂದು ತೊಡೆಯ ಮೇಲೆ ಕಾಲಿಟ್ಟು, ಅವನ ಮೂಗಿನಿಂದ ಎರಡಂಗುಲ ದೂರದಲ್ಲಿ ಬಾಯನ್ನು ಅಗಲವಾಗಿ ತೆರೆದು ಆಕಳಿಸಿತು.

ಯಾರೂ ಉಸಿರಾಡಲಿಲ್ಲ. ಮಾವ ಮಾತ್ರ ಉಸಿರೆಳೆದ. ಒಮ್ಮೆ. ಇನ್ನೊಮ್ಮೆ, ನಿಧಾನವಾಗಿ.

“ಕಮಟಿಲ್ಲ” ಎಂದ. “ಮುಗ್ಗಿಲ್ಲ.” ಮತ್ತೂ ಮೂಸಿದ. “ನಾಯಿ ವಾಸ್ನೆ ಐತೆ.”

“ಅಂದ್ರೆ?” ಎಂದಳು ಅವ್ವ, ದನಿಯೇ ಇಲ್ಲದೆ.

ಮಾವ ಕಣ್ಣು ಬಿಟ್ಟ. “ಅಂದ್ರೇನು ಅಕ್ಕಾ? ನಾಯಿ ನಾಯಿ ವಾಸ್ನೆ ಹೊಡೀದೆ ಮಲ್ಲಿಗೆ ವಾಸ್ನೆ ಹೊಡೀತದಾ? ಚೊಕ್ಕ ಮಾಲು. ಪಾಸು!” ಎಂದು ಸಂಪಿಗೆಯ ತಲೆ ತಟ್ಟಿದ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಿರಿಜೆ ನನ್ನ ಕಡೆ ನೋಡಿದ ನೋಟವನ್ನು ನಾನು ಮದುವೆಯಾದ ಹೊಸದರಲ್ಲಿ ಒಂದೆರಡು ಸಲ ಕಂಡಿದ್ದೆ, ಆಮೇಲೆ ಕಂಡಿರಲಿಲ್ಲ. ಸಂಜೆವರೆಗೆ ಅಕ್ಕ ತಮ್ಮ ಕಾಯಿ ಬಿಡಿಸುತ್ತ ನಗುತ್ತಲೇ ಇದ್ದರು, ಕಾಲ ಬುಡದಲ್ಲಿ ಸಂಪಿಗೆ ನಿರ್ಭಯವಾಗಿ ಉಸಿರಾಡುತ್ತಿತ್ತು.

ಮಾವನ ಸರ್ಟಿಫಿಕೇಟು ಎಂದರೆ ಸುಮ್ಮನೆಯೇ? ವಾರ ಕಳೆಯುವಷ್ಟರಲ್ಲಿ ಚಳ್ಳಕೆರೆಯಿಂದ ಕೊಂಡ್ಲಹಳ್ಳಿವರೆಗೆ ಸುದ್ದಿಯಾಯಿತು. ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದಕ್ಕೆ ಸಿಗದ ಕೀರ್ತಿ ಅದು. ಮೊನ್ನೆ ಬೆಳಿಗ್ಗೆ ಮೊಳಕಾಲ್ಮುರಿನ ಮೇಲೆ ಹೋಗುವ ರಾಯದುರ್ಗದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಪರಿಚಿತನೊಬ್ಬ ಎದ್ದು ನನಗೆ ಸೀಟು ಬಿಟ್ಟುಕೊಟ್ಟ. ಹಳೆಯ ಶಿಷ್ಯನಿರಬೇಕು, ನನ್ನ ಪಾಠದಿಂದ ಉದ್ಧಾರವಾದವನು ಎಂದು ಮನಸ್ಸು ತುಂಬಿ ಬಂತು. ಅವನು ಪಕ್ಕದವನಿಗೆ ಗಟ್ಟಿಯಾಗಿ, “ಇವ್ರೇ ಕಣಪ್ಪ ನಾಯಿ ಹಲ್ಲಿನ ಮೇಷ್ಟ್ರು” ಎಂದ. ಆಮೇಲೆ ನನ್ನ ಕಡೆ ಬಾಗಿ, “ಸಾರ್, ನಮ್ಮ ಕರಿಯನ ಬಾಯಿಗೆ ಏನಾದ್ರೂ ಹೇಳ್ರಿ” ಎಂದ.

ನನಗೆ ಸಿಟ್ಟು ಬರಬೇಕಿತ್ತು. “ಎಷ್ಟು ವರ್ಷದ್ದು? ಬೆಲ್ಲ ಯಾರು ಹಾಕ್ತಾರೆ?” ಎಂದು ಕೇಳಿದೆ. ಮೊದಲು ಡಾಕ್ಟರಿಗೆ ತೋರಿಸಿ ಎಂದೆ. ಹಿಂದಿನ ಸೀಟಿನವರೂ ಬಗ್ಗಿದರು. ಬಟ್ಟೆ, ಕ್ಯಾರೆಟ್ಟು, ಬೋಗುಣಿ, ಎಲ್ಲ ವಿವರಿಸಿದೆ. ಇಷ್ಟು ಗಮನವಿಟ್ಟು ಕೇಳುವ ತರಗತಿ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ಪ್ರಶ್ನೋತ್ತರ ಮುಗಿಸಿ ತೃಪ್ತಿಯಿಂದ ಕಿಟಕಿಯ ಹೊರಗೆ ನೋಡಿದರೆ ಅಂಗಡಿಗಳ ಬೋರ್ಡುಗಳೆಲ್ಲ ತೆಲುಗಿನಲ್ಲಿದ್ದವು. ಮೊಳಕಾಲ್ಮುರು ಬಂದು ಹೋಗಿ ಎಷ್ಟೋ ಹೊತ್ತಾಗಿ, ನಾನು ಆಂಧ್ರಕ್ಕೆ ಕಾಲಿಟ್ಟಿದ್ದೆ. ಇಳಿದು ಹೆಡ್‌ಮಾಸ್ಟರಿಗೆ ಫೋನು ಮಾಡಿದೆ. ತಡವಾಗಿ ಬಂದ ಮಕ್ಕಳನ್ನು ಇಪ್ಪತ್ತೆರಡು ವರ್ಷ ಬಾಗಿಲಾಚೆ ನಿಲ್ಲಿಸಿ ಕಾರಣ ಕೇಳಿದವನು ನಾನು. ಅವತ್ತು ಅವರು, “ಯಾಕ್ರೀ ಮೇಷ್ಟ್ರೇ ಲೇಟು?” ಎಂದಾಗ ರಾಯದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬಹಳ ಹೊತ್ತು ಬಾಯಿ ತೆರೆದೇ ಇದ್ದೆ.