ಕೋಟು ಕಂಡ ಕಳ್ಳ

ಎಲ್ಲಕ್ಕೂ ಮೂಲ ಮೀಸೆ. ಆ ದಿನ ಬೆಳಿಗ್ಗೆ ಕೋಟುರಾಯರು ಕನ್ನಡಿಯ ಮುಂದೆ ನಿಂತು ಮೀಸೆ ಸರಿಮಾಡಿಕೊಳ್ಳುತ್ತಿದ್ದಾಗ ಹೆಂಡತಿ ಹಿಂದಿನಿಂದ, ನಲ್ಲಿ ನೀರು ನಿಂತುಹೋಗುತ್ತೆ, ಬೇಗ ಸ್ನಾನ ಮುಗಿಸಿ ಎಂದು ಕೂಗಿದರು. ಕತ್ತರಿ ಜಾರಿತು. ಎಡಗಡೆಯ ಮೀಸೆ ಬಲಗಡೆಯದಕ್ಕಿಂತ ಚಿಕ್ಕದಾಯಿತು. ಸರಿದೂಗಿಸಲು ಬಲಗಡೆ ಕತ್ತರಿಸಿದರು, ಈಗ ಅದು ಎಡಕ್ಕಿಂತ ಚಿಕ್ಕದಾಯಿತು. ಇನ್ನೆರಡು ಸುತ್ತು ನಡೆದಿದ್ದರೆ ಮೂಗಿನ ಕೆಳಗೆ ಬರೀ ಬಯಲು. ಅಷ್ಟರಲ್ಲಿ ಬ್ಯಾಂಕಿಗೆ ಹೊತ್ತಾಯಿತು, ಓರೆ ಮೀಸೆಯಲ್ಲೇ ಹೊರಟರು.

ಅವರು ಬ್ಯಾಂಕಿನ ಡ್ರಾಫ್ಟ್ ವಿಭಾಗದ ಗುಮಾಸ್ತರು. ಕೋಟುರಾಯರು ಎಂಬುದು ಜೊತೆಯವರು ಇಟ್ಟ ಹೆಸರು. ಹಾಗೆಂದು ಅವರು ಕೋಟು ಹಾಕಿಕೊಂಡದ್ದನ್ನು ಒಂಬತ್ತು ವರ್ಷಗಳಲ್ಲಿ ಒಬ್ಬರೂ ಕಂಡವರಿಲ್ಲ. ಕೋಟು ಹಾಕಿಕೊಳ್ಳುತ್ತಿದ್ದುದು ಅವರ ಕುರ್ಚಿ. ಎತ್ತರದ ಬೆನ್ನಿನ ಆ ತಿರುಗುವ ಕುರ್ಚಿಗೆ ಬೂದು ಬಣ್ಣದ ಕೋಟು ತೊಡಿಸಿ, ಮೇಲೆ ಒಂದು ಟೋಪಿ ಇಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿಬಿಟ್ಟರೆ, ಮುಂದಿನ ಮಬ್ಬು ಗಾಜಿನ ಅಡ್ಡಗೋಡೆಯಾಚೆಯಿಂದ ನೋಡಿದವರಿಗೆ ಯಾರೋ ತಲೆ ತಗ್ಗಿಸಿ ಕೆಲಸ ಮಾಡುತ್ತಿರುವಂತೆ ಕಾಣಬೇಕು. ಕೋಟು ಹತ್ತರಿಂದ ಐದರವರೆಗೆ ತಪ್ಪದೆ ಸೀಟಿನಲ್ಲಿ ಇರುತ್ತಿತ್ತು. ರಾಯರ ಬಗ್ಗೆ ಹಾಗೆ ಹೇಳುವಂತಿಲ್ಲ.

ಇದೇನು ಅವರೊಬ್ಬರ ವಿದ್ಯೆಯಲ್ಲ ಬಿಡಿ. ಪಾಸ್‌ಬುಕ್ ಮೇಡಂ ಮೇಜಿನ ಮೇಲೆ ಕೈಚೀಲ ಬಿಟ್ಟು ಮನೆಗೆ ಹೋಗಿ ಸಾರು ಕುದಿಸಿ ಬರುತ್ತಿದ್ದರು. ಕ್ಯಾಷಿಯರ್ ತೆರೆದ ಪುಸ್ತಕದ ಮೇಲೆ ಕನ್ನಡಕ ಬಿಟ್ಟು ಚಹಾಕ್ಕೆ ಹೋಗುತ್ತಿದ್ದರು. ಕನ್ನಡಕವಿಲ್ಲದೆ ಬೀದಿ ದಾಟಲಾಗದ್ದರಿಂದ ಅದಕ್ಕೆಂದೇ ಇನ್ನೊಂದು ಜೊತೆ ಮಾಡಿಸಿದ್ದರು. ಸೀಟಿನಲ್ಲಿ ಸಾಮಾನಿದ್ದರೆ ಆಸಾಮಿ ಇದ್ದಂತೆ ಎಂಬುದು ಆ ಶಾಖೆಯ ಒಪ್ಪಂದ. ಆದರೆ ಮ್ಯಾನೇಜರ್ ಕೈಗೆ ಎರಡು ಸಲ ಸಿಕ್ಕಿಬಿದ್ದವರು ಕೋಟುರಾಯರೊಬ್ಬರೇ. ಎರಡು ಮೆಮೊ ಬಂದಿದ್ದವು. ಮೂರನೆಯ ಸಲ ಸಿಕ್ಕರೆ ಗುಡ್ಡದ ಮೇಲಿನ ಶಾಖೆಗೆ ವರ್ಗ ಎಂದು ಮ್ಯಾನೇಜರ್ ಹೇಳಿಬಿಟ್ಟಿದ್ದರು. ಅಲ್ಲಿ ಚಳಿಗೆ ಗೋಂದು ಬಾಟಲಿಯಲ್ಲೇ ಗಟ್ಟಿಯಾಗುತ್ತದಂತೆ. ಹೆಂಡತಿಯೂ ಅಂದೇ ತೀರ್ಪು ಕೊಟ್ಟಿದ್ದರು. "ಹೋಗೋದಾದ್ರೆ ನೀವೊಬ್ರೇ ಹೋಗಿ. ನನ್ನ ಮಂಡಿ ಆ ಚಳಿಗೆ ಬರಲ್ಲ." ಹಾಲು ಕಾಯಿಸಲೂ ಬಾರದ, ಹೆಂಡತಿ ಪಕ್ಕದ ಕೋಣೆಯಲ್ಲಿ ಗೊಣಗುತ್ತಿದ್ದರೇ ನಿದ್ದೆ ಹತ್ತುವ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಬೆದರಿಕೆ ಬೇಕಿರಲಿಲ್ಲ.

ಆದ್ದರಿಂದ ಮೂರು ತಿಂಗಳಿಂದ ಕೋಟುರಾಯರು ಸೀಟು ಬಿಟ್ಟು ಅಲುಗಿರಲಿಲ್ಲ. ಆದರೆ ಆ ದಿನ ಪಾಸ್‌ಬುಕ್ ಮೇಡಂ ಇವರ ಮುಖ ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದರು. ಕ್ಯಾಷಿಯರ್ ಕನ್ನಡಕ ಬದಲಾಯಿಸಿ ಇನ್ನೊಮ್ಮೆ ನೋಡಿದರು. ಡ್ರಾಫ್ಟಿಗೆ ಬಂದ ಮುದುಕರೊಬ್ಬರು, ಏನಪ್ಪಾ, ಪಾರ್ಶ್ವವಾಯು ಏನಾದರೂ ಹೊಡೆಯಿತೇ ಎಂದು ಕನಿಕರದಿಂದ ವಿಚಾರಿಸಿದರು. ಅಲ್ಲಿಗೆ ರಾಯರ ತಾಳ್ಮೆ ಮುಗಿಯಿತು. ಹತ್ತೇ ನಿಮಿಷ ಎಂದುಕೊಂಡು ಕುರ್ಚಿಗೆ ಕೋಟು ತೊಡಿಸಿ, ಟೋಪಿ ಇಟ್ಟು, ಹಿಂಬಾಗಿಲಿನಿಂದ ಜಾರಿ, ಎರಡು ಬೀದಿ ಆಚೆಯ ಕ್ಷೌರದಂಗಡಿಗೆ ಹೋದರು.

ಕ್ಷೌರಿಕ ಮೀಸೆಯನ್ನು ವೈದ್ಯನಂತೆ ಪರೀಕ್ಷಿಸಿ, ಇದು ಉಳಿಯುವ ಕೇಸಲ್ಲ, ಪೂರ್ತಿ ತೆಗೆಯೋದೇ ಒಳ್ಳೆಯದು ಎಂದ. ಮಾತು ಜಾಸ್ತಿ, ಕೈ ನಿಧಾನ. ಕೊನೆಗೂ ಎಡಗಡೆ ತೆಗೆದು ಮುಗಿಸುವಷ್ಟರಲ್ಲಿ ಗಡ್ಡದವನೊಬ್ಬ ಏದುಸಿರು ಬಿಡುತ್ತ ಒಳಬಂದು ಪಕ್ಕದ ಕುರ್ಚಿಯಲ್ಲಿ ಕುಸಿದು, ಬಸ್ಸಿಗೆ ಹೊತ್ತಾಯಿತು, ಗಡ್ಡ ತೆಗೆದುಬಿಡು ಎಂದ. ಕ್ಷೌರಿಕ ರಾಯರ ಅರ್ಧ ಮೀಸೆಯನ್ನು ಅಲ್ಲಿಗೇ ಬಿಟ್ಟು ಅವನಿಗೆ ನೊರೆ ಹಚ್ಚಲು ಹೋದ. ರಾಯರು ಕನ್ನಡಿಯಲ್ಲೇ ಆ ಗಡ್ಡದವನನ್ನು ಕಣ್ಣಲ್ಲಿ ಕಣ್ಣಿಟ್ಟು ದುರುಗುಟ್ಟಿ ನೋಡಿದರು. ಅವನೂ ನೋಡಿದ. ಅಷ್ಟರಲ್ಲಿ ಬೀದಿಯಲ್ಲಿ ಯಾರೋ, ಬ್ಯಾಂಕಿಗೆ ದರೋಡೆಕೋರ ನುಗ್ಗಿದ್ದನಂತೆ, ಗುಂಡು ಹಾರಿತಂತೆ, ಪೊಲೀಸರು ಬಂದು ಸಿಬ್ಬಂದಿಯ ತಲೆ ಎಣಿಸುತ್ತಿದ್ದಾರಂತೆ ಎಂದು ಹೇಳುತ್ತ ಓಡಿದರು. ಮಿಕ್ಕದ್ದೆಲ್ಲ ಹಾಳಾಗಲಿ, ತಲೆ ಎಣಿಸುತ್ತಿದ್ದಾರೆ ಎಂದದ್ದೇ ತಡ, ಕೋಟುರಾಯರ ಜೀವ ಬಾಯಿಗೆ ಬಂತು. ನೊರೆ ಒರೆಸಿಕೊಂಡು, ಬಾಯಿಗೆ ಕರವಸ್ತ್ರ ಅದುಮಿಕೊಂಡು ಬಿದ್ದಂಬೀಳ ಓಡಿದರು.

ಬ್ಯಾಂಕಿನಲ್ಲಿ ನಡೆದದ್ದು ಇಷ್ಟು. ಕಪ್ಪು ಮುಸುಕಿನವನೊಬ್ಬ ಪಿಸ್ತೂಲು ಹಿಡಿದು ನುಗ್ಗಿದ. ತಡೆಯಲು ಬಂದ ಗಾರ್ಡಿನ ತಲೆಗೆ ಅದರ ಹಿಡಿಯಿಂದ ಬಾರಿಸಿದ. ಗಾರ್ಡ್ ರಕ್ತ ಸುರಿಸುತ್ತ ಬಿದ್ದ. ಎಲ್ಲರೂ ಕೈ ಎತ್ತಿ ಗೋಡೆ ಕಡೆ ತಿರುಗಿದರು, ಮ್ಯಾನೇಜರ್ ತಮ್ಮ ಕೋಣೆಯ ಮೇಜಿನ ಕೆಳಗೆ ಸೇರಿಕೊಂಡರು. ಕ್ಯಾಷಿಯರ್ ಚೀಲಕ್ಕೆ ಹಣ ತುಂಬಿಕೊಟ್ಟರು. ಇನ್ನೇನು ಹೊರಡಬೇಕು, ಮಬ್ಬು ಗಾಜಿನಾಚೆ ಒಬ್ಬ ಮಾತ್ರ ಕೈ ಎತ್ತದೆ ಕೂತಿರುವುದು ಕಳ್ಳನ ಕಣ್ಣಿಗೆ ಬಿತ್ತು. ಅವನು ಗದರಿದ. ಉತ್ತರವಿಲ್ಲ. ಮುಸುಕಿನಲ್ಲಿ ಮಾತು ಕೇಳಿಸುತ್ತಿಲ್ಲವೇನೋ ಎಂದು ಮುಸುಕು ಕಿತ್ತು ಇನ್ನೊಮ್ಮೆ ಗದರಿದ. ಕೋಟಿಗೆ ತೋಳು ಎರಡಿದ್ದವು, ಎತ್ತುವವರು ಇರಲಿಲ್ಲ. ಇಂಥ ಗಂಡೆದೆಯವನನ್ನು ಅವನು ಹಿಂದೆ ಕಂಡಿರಲಿಲ್ಲ. ಗಾಬರಿಯಲ್ಲಿ ಗುಂಡು ಹಾರಿಸಿದ. ಗಾಜು ಸೀಳಿತು, ಕುರ್ಚಿ ಗಿರಕಿ ಹೊಡೆಯಿತು, ಕೋಟು ಟೋಪಿ ಸಮೇತ ದೊಪ್ಪನೆ ಕೆಳಗೆ ಬಿತ್ತು. ಕೊಲೆ ಮಾಡಿಬಿಟ್ಟೆ ಎಂದುಕೊಂಡ ಕಳ್ಳ ಚೀಲ ಅಲ್ಲೇ ಬಿಸಾಡಿ ಓಟ ಕಿತ್ತ.

ಕೋಟುರಾಯರು ಹಿಂಬಾಗಿಲಿನಿಂದ ಒಳಬರುವಾಗ ಇನ್ಸ್‌ಪೆಕ್ಟರು ಕೋಟನ್ನು ಎತ್ತಿ ಹಿಡಿದು, ಎದೆಯ ಭಾಗದ ತೂತಿನಿಂದ ಆಚೆ ನೋಡುತ್ತಿದ್ದರು. ಇದರೊಳಗಿದ್ದವರು ಎಲ್ಲಿ ಎಂದು ಕೇಳಿದರು. ಪಕ್ಕದಲ್ಲಿ ಮ್ಯಾನೇಜರ್, ಅದನ್ನೇ ನಾನೂ ಕೇಳಬೇಕೆಂದಿದ್ದೆ ಎನ್ನುವಂತೆ ಕಣ್ಣು ಕೆಂಪಗೆ ಮಾಡಿ ನಿಂತಿದ್ದರು. ಈ ಕೋಟಿನ ಗುಟ್ಟು ಬಿಚ್ಚಿದರೆ ನಾಳೆ ಕೈಚೀಲದ ಸರದಿ ಎಂದು ಪಾಸ್‌ಬುಕ್ ಮೇಡಂಗೆ ಥಟ್ಟನೆ ಹೊಳೆಯಿತು.

"ಇಲ್ಲೇ ಇದ್ದಾರಲ್ಲ ಸಾರ್" ಎಂದು ಅವರು ರಾಯರನ್ನು ಮುಂದಕ್ಕೆ ತಳ್ಳಿದರು. "ಪಾಪ, ಮುಖಕ್ಕೆ ಗುದ್ದಿದ್ದಾನೆ. ತೊಳ್ಕೊಳ್ಳೋಕೆ ಹೋಗಿದ್ರು."

ಕೋಟಿಗೆ ತೂತು ಬಿದ್ದು ಮೈಗೆ ಹೇಗೆ ಬೀಳಲಿಲ್ಲ ಎಂದು ಇನ್ಸ್‌ಪೆಕ್ಟರು ಹುಬ್ಬೇರಿಸಿದರು. ಕೋಟನ್ನು ಹೆಗಲ ಮೇಲೆ ಹೊದ್ದುಕೊಂಡಿದ್ದರು, ಗುಂಡು ಹಾರುವ ಹೊತ್ತಿಗೆ ಸರಿಯಾಗಿ ಬಗ್ಗಿದರು ಎಂದು ಕ್ಯಾಷಿಯರ್ ನೋಡಿದವರಂತೆ ವಿವರಿಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗಿತ್ತು. ಆದರೆ ಒಂದು ಸುಳ್ಳು ನಿಂತಿತೆಂದರೆ ಇನ್ನೊಂದು ಹೇಳಲು ಯಾರಿಗೆ ತಾನೇ ಆಸೆಯಾಗುವುದಿಲ್ಲ. "ಕಳ್ಳ ಮುಸುಕು ತೆಗೆದಾಗ ಅವನ ಬೆನ್ನು ನಮ್ಮ ಕಡೆಗಿತ್ತು ಸಾರ್. ಮುಖ ನೋಡಿರೋದು ಇವರೊಬ್ರೇ" ಎಂದುಬಿಟ್ಟರು.

ಇನ್ಸ್‌ಪೆಕ್ಟರ ಮುಖ ಅರಳಿತು. ಚಿತ್ರ ಬರೆಯುವ ಪೊಲೀಸಿನವನು ಪೆನ್ಸಿಲ್ ಚೂಪು ಮಾಡಿಕೊಂಡು ಎದುರಿಗೆ ಬಂದು ಕೂತ. ಕೋಟುರಾಯರು ಬೆವೆತರು. ಇಲ್ಲ ಎಂದರೆ ಗುಡ್ಡ, ಹೌದು ಎಂದರೆ ಯಾವ ಮುಖ? ಕಣ್ಣು ಮುಚ್ಚಿ ಯೋಚಿಸಿದರೆ ತಲೆಯಲ್ಲಿ ಇದ್ದದ್ದು ಒಂದೇ ಮುಖ, ತನ್ನ ಸರದಿ ಕಿತ್ತುಕೊಂಡ ಆ ಗಡ್ಡದವನದು. ಅವನ ಮೇಲೆ ಹೇಗೂ ಸಿಟ್ಟಿತ್ತು. ಎಡ ಹುಬ್ಬಿನ ನಡುವೆ ಕೂದಲಿಲ್ಲದ ಗೆರೆ, ಹರಿದು ಕೂಡಿದ ಕಿವಿ, ಮೊಂಡು ಮೂಗು ಎಂದು ಕರವಸ್ತ್ರದ ಹಿಂದಿನಿಂದಲೇ ಒಂದೊಂದಾಗಿ ಹೇಳಿದರು. ಇಷ್ಟು ಸ್ಪಷ್ಟವಾಗಿ ಹೇಳುವ ಸಾಕ್ಷಿಯನ್ನು ನಾನು ಇಪ್ಪತ್ತು ವರ್ಷದಲ್ಲಿ ಕಂಡಿಲ್ಲ ಎಂದರು ಇನ್ಸ್‌ಪೆಕ್ಟರು. ನಿರಪರಾಧಿಯೊಬ್ಬ ಬಸ್ಸು ಹತ್ತಿ ಇಷ್ಟು ಹೊತ್ತಿಗೆ ಊರು ಬಿಟ್ಟಿರುತ್ತಾನೆ, ಯಾರಿಗೂ ತೊಂದರೆಯಿಲ್ಲ ಎಂದು ರಾಯರು ಮನಸ್ಸಿಗೆ ಸಮಾಧಾನ ಹೇಳಿಕೊಂಡರು.

ಎರಡೇ ಗಂಟೆಯಲ್ಲಿ ಫೋನು ಬಂತು. ಕಳ್ಳ ಬಸ್ ನಿಲ್ದಾಣದಲ್ಲಿ ಸಿಕ್ಕಿಬಿದ್ದಿದ್ದ. ಗಡ್ಡ ಬೋಳಿಸಿದ್ದ, ಆದರೆ ಹುಬ್ಬು, ಕಿವಿ ಚಿತ್ರದಲ್ಲಿದ್ದಂತೆಯೇ ಇದ್ದವು. ಅವನ ಅಂಗಿಯೊಳಗೆ ಪಿಸ್ತೂಲು, ಮುಸುಕು ಎರಡೂ ಸಿಕ್ಕವು. ಸುದ್ದಿ ಕೇಳಿ ಕೋಟುರಾಯರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮ್ಯಾನೇಜರಂತೂ ಅವರ ಬೆನ್ನು ತಟ್ಟಿ, ಎರಡು ಮೆಮೊಗಳನ್ನೂ ರದ್ದು ಮಾಡಿ ಬಹುಮಾನ ಕೊಡಬೇಕೆಂದು ಹೆಡ್ ಆಫೀಸಿಗೆ ಪತ್ರ ಬರೆಯಲು ಕೂತರು. "ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ ಕಣ್ರೀ" ಎಂದು ಪೆನ್ನಿನ ಮುಚ್ಚಳ ತೆಗೆದರು. ರಾಯರು ನಿಜವಾಗಿಯೂ ತಾನು ಬಗ್ಗಿದ್ದೆನೇನೋ ಎಂದು ಅರ್ಧ ನಂಬಿದರು.

ಮೂರು ಗಂಟೆಗೆ ಪೊಲೀಸರು ಮಹಜರಿಗೆಂದು ಕಳ್ಳನನ್ನು ಬ್ಯಾಂಕಿಗೇ ಕರೆತಂದರು. ಕೋಳ ತೊಟ್ಟವನ ಮುಖದಲ್ಲಿ ಕಳೆಯೇ ಇರಲಿಲ್ಲ. ಇನ್ಸ್‌ಪೆಕ್ಟರು ರಾಯರನ್ನು ಮುಂದೆ ನಿಲ್ಲಿಸಿ, ತೂತು ಬಿದ್ದ ಕೋಟನ್ನು ಅವರ ಹೆಗಲ ಮೇಲೆ ಹೊದಿಸಿದರು. "ನೀನು ಗುಂಡು ಹಾರಿಸಿದ್ದು ಇವರ ಮೇಲೆ. ಪುಣ್ಯಕ್ಕೆ ಬದುಕಿದ್ದಾರೆ. ಆದ್ರೂ ಕೊಲೆ ಯತ್ನದ ಕೇಸು ಹಾಕ್ತೀನಿ."

ಕಳ್ಳ ತಲೆ ಎತ್ತಿ ನೋಡಿದ. ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ನೋಡಿದ. ನಿಧಾನವಾಗಿ ಅವನ ಮುಖಕ್ಕೆ ಕಳೆ ಬಂತು.

"ಸಾರ್, ಆ ಕರ್ಚೀಫ್ ಸ್ವಲ್ಪ ತೆಗೆಸಿ."

"ಯಾಕೋ?"

"ಅದರ ಕೆಳಗೆ ಅರ್ಧ ಮೀಸೆ ಇರುತ್ತೆ. ಬಲಗಡೆಯದು."

ಇನ್ಸ್‌ಪೆಕ್ಟರು ಕೈ ಚಾಚಿ ಕರವಸ್ತ್ರ ಎಳೆದರು. ಗಾಯವಿರಲಿಲ್ಲ, ಊತವಿರಲಿಲ್ಲ. ಬಲಗಡೆ ಅರ್ಧ ಮೀಸೆ ಮಾತ್ರ ಇತ್ತು, ಅದರ ತುದಿಯಲ್ಲಿ ಒಣಗಿದ ನೊರೆಯೂ ಇತ್ತು. ತಲೆಗೆ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದ ಗಾರ್ಡ್ ನೋವನ್ನೂ ಮರೆತು ಮೊದಲು ನಕ್ಕ.

"ನಾನು ಗುಂಡು ಹಾರಿಸಿ ಓಡಿ ಕ್ಷೌರದಂಗಡಿಗೆ ನುಗ್ಗಿದಾಗ ಇವರು ಆಗ್ಲೇ ಅಲ್ಲಿ ಅರ್ಧ ಮೀಸೇಲಿ ಕೂತಿದ್ರು ಸಾರ್" ಎಂದ ಕಳ್ಳ. ಅವನ ಕಣ್ಣಲ್ಲಿ ನೀರು ಬಂದಿತ್ತು. "ಒಬ್ಬರನ್ನ ಕೊಂದೆ ಅಂತ ಬೆಳಗಿನಿಂದ ಹೊಟ್ಟೆಗೆ ನೀರೂ ಇಳಿದಿಲ್ಲ. ಆ ಕೋಟಲ್ಲಿ ಯಾರೂ ಇರ್ಲಿಲ್ಲ, ಅಲ್ವಾ ಅಣ್ಣಾ? ಹೇಳಿ ಅಣ್ಣಾ, ನೀವು ಹೇಳಿದ್ರೆ ನನ್ನ ಒಂದು ಕೇಸು ಕಮ್ಮಿ ಆಗುತ್ತೆ."

ಬೇರೆ ಯಾರಾದರೂ ಆಗಿದ್ದರೆ ವಾದಿಸುತ್ತಿದ್ದರೇನೋ. ಇಡೀ ದಿನದಲ್ಲಿ ತನ್ನ ಬಗ್ಗೆ ನಿಜ ಹೇಳಿದವನು ಇವನೊಬ್ಬನೇ ಎಂದು ಕೋಟುರಾಯರಿಗೆ ಅನ್ನಿಸಿತು. ತಲೆ ತಗ್ಗಿಸಿ, ಇರಲಿಲ್ಲ ಎಂದರು. ಮ್ಯಾನೇಜರ್ ತಾವು ಬರೆದ ಪತ್ರವನ್ನು ಹರಿದು ಹೊಸ ಕಾಗದ ತೆಗೆದುಕೊಂಡರು. ಪಾಸ್‌ಬುಕ್ ಮೇಡಂ ಸದ್ದಿಲ್ಲದೆ ಕೈಚೀಲವನ್ನು ಮೇಜಿನಿಂದ ತೆಗೆದು ಹೆಗಲಿಗೆ ಹಾಕಿಕೊಂಡರು. ಕ್ಯಾಷಿಯರ್ ಎರಡೂ ಕನ್ನಡಕಗಳನ್ನು ಜೇಬಿಗೆ ಸೇರಿಸಿದರು. ಇನ್ಸ್‌ಪೆಕ್ಟರು ರಾಯರ ಹೆಗಲಿಂದ ಕೋಟನ್ನು ಬಿಚ್ಚಿ, ಮಡಿಸಿ, ಚೀಟಿ ಅಂಟಿಸಿ, ಅರಗಿನ ಮೊಹರು ಹಾಕಿದರು. ಸ್ಥಳದಲ್ಲಿ ಇದ್ದ ಮುಖ್ಯ ಸಾಕ್ಷಿ ಇದೇ, ಕೇಸು ಮುಗಿಯುವವರೆಗೆ ವಾಪಸು ಕೊಡಲಾಗದು ಎಂದರು. ಎಷ್ಟು ದಿನ ಹಿಡಿಯಬಹುದು ಎಂದು ಕೇಳಿದ್ದಕ್ಕೆ, ದಿನದ ಲೆಕ್ಕದಲ್ಲಿ ಹೇಳುವುದು ಕಷ್ಟ ಎಂದರು.

ಸಂಜೆ ವರ್ಗದ ಆದೇಶ ಹಿಡಿದು ಕೋಟುರಾಯರು ಮನೆ ಸೇರಿದರು. ಹೆಂಡತಿ ಮೊದಲು ಮೀಸೆ ನೋಡಿದರು, ಆಮೇಲೆ ಕಾಗದ ಓದಿದರು. ಎದ್ದು ಹೋಗಿ ಅಟ್ಟದಿಂದ ಒಂದೇ ಒಂದು ಪೆಟ್ಟಿಗೆ ಇಳಿಸಿದರು. ಅದರಲ್ಲಿ ನಾಲ್ಕು ಅಂಗಿ, ಎರಡು ಪಂಚೆ ಮಡಿಸಿಟ್ಟು, ಮೇಲುಗಡೆ ಅಗಲವಾಗಿ ಜಾಗ ಬಿಟ್ಟರು.

"ನಾನಂತೂ ಬರಲ್ಲ, ಮೊದ್ಲೇ ಹೇಳಿದೀನಿ" ಎಂದರು. ಆಮೇಲೆ ಯಾಕೋ ದನಿ ಮೆತ್ತಗಾಯಿತು. "ಅಲ್ಲಿ ಕೊರೆಯೋ ಚಳಿಯಂತೆ ಕಣ್ರೀ. ಬೇರೇನು ಮರೆತ್ರೂ ಪರವಾಗಿಲ್ಲ, ಆ ನಿಮ್ಮ ಕೋಟು ಮಾತ್ರ ಮರೀಬೇಡಿ."